ನಿಂತು ನೋಡದೆ ಕೊಟ್ಟ ಮಾರ್ಕ್ಸ್

ಈ ಸಲ ಬಂದ ಪತ್ರಗಳಲ್ಲಿ ಕಾಯಿಲೆ ಬಗ್ಗೆ ಕೇಳಿದವು ಕಡಿಮೆ. ಡಾಕ್ಟರಾಗಲು ಓದುತ್ತಿರುವವರ ಗೋಳೇ ಜಾಸ್ತಿ. ಆಶ್ಚರ್ಯವೇನಿಲ್ಲ. ಕೋಲಾರದ ಟಮಕದಲ್ಲಿ 1986ರಲ್ಲಿ ಮೆಡಿಕಲ್ ಕಾಲೇಜು ಬಂತು, ತುಮಕೂರಿನ ಅಗಳಕೋಟೆಯಲ್ಲಿ 1988ರಲ್ಲಿ. ಈಗ ಚಿಕ್ಕಬಳ್ಳಾಪುರವೂ ಸೇರಿ ಮೂರೂ ಜಿಲ್ಲೆಗಳಲ್ಲಿ ವಾರ್ಡ್ ತುಂಬ ಬಿಳಿ ಏಪ್ರನ್‌ಗಳು. ಈ ಹುಡುಗ ಹುಡುಗಿಯರಿಗೆ ನಿಜಕ್ಕೂ ಕೆಲಸ ಬರುತ್ತಾ ಅಂತ ಅಳೆಯುವುದು ಹೇಗೆ? ಅದೇ ವಿಷಯದ ಪತ್ರಗಳನ್ನು ಒಟ್ಟಿಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ತುಮಕೂರಿನಲ್ಲಿ ಫೈನಲ್ ಇಯರ್ ಎಂಬಿಬಿಎಸ್. ಮೆಡಿಸಿನ್ ವಾರ್ಡಿನ ಸರದಿ ಮುಗಿದಾಗ ನಡೆಯುವ ಎಂಡ್ ಪೋಸ್ಟಿಂಗ್ ಪರೀಕ್ಷೆಯಲ್ಲಿ ನನಗೆ ಲಕ್ವ ಹೊಡೆದ ರೋಗಿಯ ಕೇಸ್ ಬಂತು. ನನ್ನ ರೂಮ್‌ಮೇಟ್‌ಗೆ ಹಾರ್ಟ್ ಕೇಸ್. ಅವನು ಪೋಸ್ಟಿಂಗ್‌ಗೆ ಬರುತ್ತಿದ್ದದ್ದೇ ಅಪರೂಪ. ಆದರೂ ಅವನಿಗೆ 50ಕ್ಕೆ 36, ನನಗೆ 26. ಕಾಯಿಲೆ ಹೆಸರನ್ನು ರೋಗಿಯೇ ಅವನಿಗೆ ಹೇಳಿಬಿಟ್ಟರಂತೆ. ಇದು ನ್ಯಾಯವಾ ಸರ್?

ಖಂಡಿತ ಅಲ್ಲ. ಹಾಗಂತ ಪರೀಕ್ಷೆ ಮಾಡಿದವರನ್ನು ಬೈದುಕೊಂಡು ಕೂರಬೇಡಿ. ಒಂದೇ ಕೇಸ್, ಒಬ್ಬರೋ ಇಬ್ಬರೋ ಪರೀಕ್ಷಕರು, ಸ್ವಲ್ಪ ಹೊತ್ತಿನ ವೈವಾ. ಇಷ್ಟರಲ್ಲಿ ಅದೃಷ್ಟ ನುಗ್ಗಲು ಬೇಕಾದಷ್ಟು ಸಂದಿ ಇದೆ. ಹಾರ್ಟ್ ಕೇಸನ್ನು ಚೆನ್ನಾಗಿ ಮಾಡಿದವನು ಲಕ್ವದ ಕೇಸನ್ನೂ ಚೆನ್ನಾಗಿ ಮಾಡುತ್ತಾನೆ ಅನ್ನೋಕಾಗಲ್ಲ. ವೈದ್ಯಕೀಯ ಶಿಕ್ಷಣದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಮಾತು ಇದು. ಅದರ ಮೇಲೆ ಪರೀಕ್ಷಕರಲ್ಲಿ ಕೈ ಬಿಗಿ ಇರುವವರೂ ಇರುತ್ತಾರೆ, ಧಾರಾಳದವರೂ ಇರುತ್ತಾರೆ. ನಿಮ್ಮ 26ರಲ್ಲಿ ನಿಮ್ಮ ಪಾಲು ಎಷ್ಟು, ಕೇಸಿನ ಪಾಲು ಎಷ್ಟು, ಅವರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ.

ರೋಗಿ ಕಾಯಿಲೆ ಹೆಸರು ಹೇಳಿಬಿಡುವುದು ಹಳೇ ಕಥೆ. ಪರೀಕ್ಷೆ ಬಂತೆಂದರೆ ಗೊತ್ತಿರುವ ಹಾರ್ಟ್ ಪೇಷೆಂಟ್‌ಗಳನ್ನೇ ಮತ್ತೆ ಕರೆಸುವುದುಂಟು. ತಮ್ಮ ಮರ್ಮರ್ (ಹೃದಯದಲ್ಲಿ ಕೇಳುವ ಅಸಹಜ ಸದ್ದು) ಎಲ್ಲಿ ಚೆನ್ನಾಗಿ ಕೇಳುತ್ತದೆ ಅಂತ ಅವರಿಗೆ ವಿದ್ಯಾರ್ಥಿಗಿಂತ ಚೆನ್ನಾಗಿ ಗೊತ್ತು. ‘ಅಲ್ಲಲ್ಲ, ಇಲ್ಲಿಟ್ಟು ಕೇಳಪ್ಪ’ ಅಂತ ಜಾಗ ತೋರಿಸುವ ಪುಣ್ಯಾತ್ಮರೂ ಇದ್ದಾರೆ.

ನನ್ನನ್ನು ಕೇಳಿದರೆ ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ನೀವು ರೋಗಿಯ ಜೊತೆ ಮುಕ್ಕಾಲು ಗಂಟೆ ಇದ್ದಾಗ ಪರೀಕ್ಷಕರು ಅಲ್ಲಿ ಇರುವುದೇ ಇಲ್ಲ. ಆಮೇಲೆ ಬಂದು ನೀವು ಹೇಳಿದ್ದನ್ನು ಕೇಳುತ್ತಾರೆ. ಮುದ್ದೆ ತಿರುವಲು ಬರುತ್ತಾ ಅಂತ ತಿಳಿಯಲು ರಾಗಿ ಬಗ್ಗೆ ಭಾಷಣ ಮಾಡಿಸಿದ ಹಾಗೆ ಅಲ್ವಾ ಇದು?

ಒಂದು ಉದಾಹರಣೆ ನೋಡಿ. ಕೆಜಿಎಫ್ ಕಡೆಯ ಎಪ್ಪತ್ತು ದಾಟಿದ ತಾತ ಕೆಮ್ಮು, ಏದುಸಿರು ಅಂತ ಕೋಲಾರದಲ್ಲಿ ಅಡ್ಮಿಟ್ ಆಗಿದ್ದಾರೆ ಅಂದುಕೊಳ್ಳಿ. ‘ಬೀಡಿ ಸೇದುತ್ತಾರೆ, ಸಿಒಪಿಡಿ’, ಅಂದರೆ ಹೊಗೆಯಿಂದ ಶ್ವಾಸನಾಳ ಕಿರಿದಾಗುವ ಕಾಯಿಲೆ, ಅಂತ ವಿದ್ಯಾರ್ಥಿ ನೀಟಾಗಿ ಕೇಸ್ ಹೇಳುತ್ತಾನೆ. ಮಾರ್ಕ್ಸ್ ಬೀಳುತ್ತದೆ. ‘ಏನು ಕೆಲಸ ಮಾಡ್ತಿದ್ರಿ ತಾತ?’ ಅಂತ ಅವನು ಕೇಳಲೇ ಇಲ್ಲ ಅನ್ನುವುದು ಪಕ್ಕದಲ್ಲಿ ನಿಂತವರಿಗೆ ಮಾತ್ರ ಗೊತ್ತಾಗುತ್ತಿತ್ತು. ಕೇಳಿದ್ದರೆ ಚಿನ್ನದ ಗಣಿಯೊಳಗೆ ವರ್ಷಗಟ್ಟಲೆ ಕಲ್ಲು ಕೊರೆದದ್ದು ಹೊರಬರುತ್ತಿತ್ತು. ಗಣಿ ಮುಚ್ಚಿದ್ದು 2001ರಲ್ಲಿ. ಆದರೆ ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಕಾಯಿಲೆ ಕೆಲಸ ಬಿಟ್ಟ ಮೇಲೂ ಹೆಚ್ಚುತ್ತಾ ಹೋಗಬಹುದು. ಟಿಬಿ ತಗಲುವ ಸಾಧ್ಯತೆಯನ್ನೂ ಏರಿಸುತ್ತದೆ. ಅಂದರೆ ಬಿಟ್ಟುಹೋದ ಆ ಒಂದು ಪ್ರಶ್ನೆಯಿಂದ ಡಯಾಗ್ನೋಸಿಸ್ಸೇ ದಾರಿ ತಪ್ಪಿತು. ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರನ್ನೂ ಇದೇ ಪ್ರಶ್ನೆ ಕೇಳಬೇಕು.

ಅದೃಷ್ಟದ ಆಟ ಕಡಿಮೆ ಮಾಡಲು ಬಂದದ್ದು ಆಸ್ಕಿ (ಓಎಸ್‌ಸಿಇ) ಅನ್ನುವ ಪರೀಕ್ಷೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಇದನ್ನು ಮುಂದಿಟ್ಟರು. ಎಲ್ಲರಿಗೂ ಅದೇ ಸ್ಟೇಷನ್ (ಒಂದೊಂದು ಕೆಲಸ ಮಾಡಿಸುವ ಜಾಗ), ಅದೇ ಚೆಕ್‌ಲಿಸ್ಟ್, ಗಂಟೆ ಹೊಡೆದರೆ ಮುಂದಕ್ಕೆ. ನ್ಯಾಯದ ಮಟ್ಟಿಗೆ ಒಳ್ಳೆಯದೇ. ಆದರೆ ಚೆಕ್‌ಲಿಸ್ಟಿಗೆ ಓದಿದವರೂ ಸಿಗುತ್ತಾರೆ. ‘ಕೈ ತೊಳೆದೆ, ಹೆಸರು ಹೇಳಿದೆ, ಒಪ್ಪಿಗೆ ಕೇಳಿದೆ’ ಅಂತ ಮಂತ್ರದ ಹಾಗೆ ಒಪ್ಪಿಸಿ, ಎದುರಿಗಿರುವ ಮನುಷ್ಯನ ಮುಖ ನೋಡದೆ ಫುಲ್ ಮಾರ್ಕ್ಸ್ ತೆಗೆದುಕೊಂಡು ಹೋಗುತ್ತಾರೆ. ಆಸ್ಕಿಯಲ್ಲಿ ತಿಳಿಯುವುದು ‘ಮಾಡಿ ತೋರಿಸು’ ಅಂದಾಗ ಮಾಡುತ್ತಾರಾ ಅಂತ. ಸೋಮವಾರ ಬೆಳಗ್ಗೆ ತುಂಬಿದ ವಾರ್ಡಿನಲ್ಲಿ ಏನು ಮಾಡುತ್ತಾರೆ ಅನ್ನುವುದು ಬೇರೆಯೇ. ಜಾರ್ಜ್ ಮಿಲ್ಲರ್ ಅನ್ನುವವರು 1990ರಲ್ಲಿ ಇದನ್ನೇ ನಾಲ್ಕು ಮೆಟ್ಟಿಲಾಗಿ ಜೋಡಿಸಿದರು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ದಿನಾ ಮಾಡುತ್ತಾನೆ. ನಮ್ಮ ಪರೀಕ್ಷೆಗಳು ಮೂರನೇ ಮೆಟ್ಟಿಲಿಗೇ ಸುಸ್ತಾಗುತ್ತವೆ.

ಮೇಲಿನ ಮೆಟ್ಟಿಲಿಗೆ ಇರುವ ಉಪಾಯಗಳಲ್ಲಿ ನನಗೆ ಹಿಡಿಸಿದ್ದು ಮಿನಿ ಸಿಇಎಕ್ಸ್ (ಮಿನಿ ಕ್ಲಿನಿಕಲ್ ಇವ್ಯಾಲ್ಯುಯೇಷನ್ ಎಕ್ಸರ್ಸೈಜ್). 1995ರಲ್ಲಿ ಅಮೆರಿಕದ ಜಾನ್ ನಾರ್ಸಿನಿ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು. ವಿದ್ಯಾರ್ಥಿ ನಿಜವಾದ ರೋಗಿಯ ಜೊತೆ ಹದಿನೈದಿಪ್ಪತ್ತು ನಿಮಿಷ ಕೆಲಸ ಮಾಡಬೇಕು, ಮೇಷ್ಟ್ರು ಬಾಯಿ ಮುಚ್ಚಿಕೊಂಡು ನೋಡಬೇಕು. ಆಮೇಲೆ ಐದು ಹತ್ತು ನಿಮಿಷ ಕೂತು ಮಾತಾಡಬೇಕು. ಹಿಸ್ಟರಿ (ರೋಗಿಯಿಂದ ಕೇಳಿ ತಿಳಿದ ಕಾಯಿಲೆಯ ಕಥೆ), ಪರೀಕ್ಷೆ ಮಾಡಿದ ರೀತಿ, ನಡವಳಿಕೆ, ತೀರ್ಮಾನ, ರೋಗಿಗೆ ತಿಳಿಸಿ ಹೇಳಿದ್ದು, ಅಚ್ಚುಕಟ್ಟು, ಒಟ್ಟಾರೆ ಹೇಗೆ, ಹೀಗೆ ಏಳು ವಿಷಯಕ್ಕೆ 9ರವರೆಗೆ ಅಂಕ. ಇದನ್ನೂ ಒಂದು ಸಲ ಮಾಡಿದರೆ ನಿಮ್ಮ ಎಂಡ್ ಪೋಸ್ಟಿಂಗ್‌ನಷ್ಟೇ ಕುರುಡು. ಬೇರೆ ಬೇರೆ ರೋಗಿ, ಬೇರೆ ಬೇರೆ ಮೇಷ್ಟ್ರು, ವರ್ಷವಿಡೀ ಆಗಬೇಕು. ಆಗ ಅದೃಷ್ಟ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ.

ನಿಮ್ಮ ಕಾಲೇಜಿನಲ್ಲಿ ಇದು ಇಲ್ಲದಿದ್ದರೆ ನೀವೇ ಕೇಳಿ. ‘ಸರ್, ಈ ಪೇಷೆಂಟ್‌ದು ಕಾಲಿನ ಪವರ್, ರಿಫ್ಲೆಕ್ಸ್ ನೋಡ್ತೀನಿ, ಐದು ನಿಮಿಷ ನಿಂತ್ಕೊಂಡು ನೋಡ್ತೀರಾ?’ ಹೀಗೆ ಕೇಳಿದ ವಿದ್ಯಾರ್ಥಿಗೆ ಇಲ್ಲ ಅನ್ನುವ ಮೇಷ್ಟ್ರು ಕಡಿಮೆ. ಮೇಷ್ಟ್ರು ಸಿಗದಿದ್ದರೆ ಪಿಜಿಗಳು, ಅಂದರೆ ಸ್ನಾತಕೋತ್ತರ ಓದುತ್ತಿರುವ ಡಾಕ್ಟರುಗಳು ಇದ್ದಾರೆ. ಅಂದ ಹಾಗೆ, ನರದ ಕೇಸ್ ಕಂಡರೆ ನಿಮಗೆ ಭಯ ಅಂತ ಕಾಣುತ್ತದೆ. ಮುಂದಿನ ತಿಂಗಳು ಬೇರೆ ಕೇಸ್ ಬಿಟ್ಟು ಅದನ್ನೇ ನೋಡಿ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಓಪಿಡಿಯಲ್ಲಿ ನೂರು ಚೀಟಿ, ಬೆನ್ನ ಹಿಂದೆ ಹದಿನೈದು ವಿದ್ಯಾರ್ಥಿಗಳು. ನಿಂತು ನೋಡಿ ಅಂತೀರಿ, ಟೈಮ್ ಎಲ್ಲಿದೆ? ಇನ್ನೊಂದು: ಒಬ್ಬ ಹುಡುಗನಿಗೆ, ಕಲಿತ ಕೆಲಸಗಳನ್ನು ದಾಖಲಿಸುವ ಲಾಗ್ ಬುಕ್‌ನಲ್ಲಿ ‘ಬಿ’ ಹಾಕಿದೆ. ‘ಯಾಕಮ್ಮಾ ಸುಮ್ನೆ ತಲೆನೋವು, ಎಂ ಹಾಕಿಬಿಡಿ’ ಅಂದರು ಹಿರಿಯರು. ಏನು ಮಾಡಲಿ?

ಟೈಮ್ ಇಲ್ಲ ಅನ್ನುವುದು ನೆಪ ಅಂತ ನಾನು ಹೇಳಲ್ಲ. ನಿಜವಾಗಲೂ ಇಲ್ಲ. ಅದಕ್ಕೇ ಪೂರ್ತಿ ಕೇಸ್ ನೋಡಲು ಹೋಗಬೇಡಿ, ಒಂದು ಚೂರು ನೋಡಿ. ಇವತ್ತು ಒಬ್ಬಳು ಮಾತು ಶುರು ಮಾಡುವ ಮೊದಲ ಮೂರು ನಿಮಿಷ. ನಾಳೆ ಇನ್ನೊಬ್ಬ ಹೊಟ್ಟೆ ಮುಟ್ಟುವ ರೀತಿ. ನಾಡಿದ್ದು ಸಕ್ಕರೆ ಕಾಯಿಲೆಯವರಿಗೆ ಕಾಲಿನ ಆರೈಕೆ ಹೇಗೆ ತಿಳಿಸಿ ಹೇಳುತ್ತಾರೆ ಅನ್ನುವುದು. ದಿನಕ್ಕೆ ಇಬ್ಬರು ಅಂತ ಇಟ್ಟುಕೊಂಡರೂ ಎರಡು ವಾರದೊಳಗೆ ಬ್ಯಾಚ್ ಮುಗಿಯುತ್ತದೆ. ಯಾರ ಸರದಿ ಅಂತ ಹಿಂದಿನ ದಿನವೇ ಹೇಳಿಬಿಡಿ, ಉಳಿದವರು ಹಾಯಾಗಿ ಕಲಿಯುತ್ತಾರೆ.

ನೋಡಿದ ಮೇಲೆ ‘ಗುಡ್’ ಅನ್ನಬೇಡಿ. ‘ಚೆನ್ನಾಗಿ ಓದು’ ಅಂತಲೂ ಅನ್ನಬೇಡಿ. ಎರಡರಿಂದಲೂ ಯಾರೂ ಏನೂ ಕಲಿತಿಲ್ಲ. ‘ಅಜ್ಜಿ ಎದೆನೋವು ಅಂತ ಶುರು ಮಾಡಿದರು. ನೀನು ನಡುವೆ ಬಾಯಿ ಹಾಕಿ ಶುಗರ್ ಇದೆಯಾ ಅಂತ ಕೇಳಿದೆ. ಅವರ ನೋವಿನ ಕಥೆ ಅಲ್ಲೇ ನಿಂತುಹೋಯಿತು. ನಾಳೆ ಒಂದು ನಿಮಿಷ ಸುಮ್ಮನಿದ್ದು ನೋಡು.’ ಇಷ್ಟು ಸಾಕು. ಇದನ್ನು ಕಾರಿಡಾರಿಗೆ ಬಂದು ಹೇಳಿ. ರೋಗಿಯ ಎದುರು, ಹದಿನಾಲ್ಕು ಜನ ಗೆಳೆಯರ ಎದುರು ಹೇಳಿದರೆ ಹುಡುಗಿಗೆ ನೆನಪಿರುವುದು ಅವಮಾನ ಮಾತ್ರ. ರೌಂಡ್ಸ್‌ನಲ್ಲಿ ಬೈಸಿಕೊಂಡೇ ನಾವು ಕಲಿತೆವು ಅನ್ನುವ ಹಿರಿಯರಿದ್ದಾರೆ. ಬೈದಿದ್ದಕ್ಕೆ ಕಲಿತರೋ, ಬೈದರೂ ಕಲಿತರೋ ಅಂತ ನನಗೆ ಅನುಮಾನ.

ಈಗ ಆ ‘ಬಿ’ ವಿಷಯ. 2019ರಲ್ಲಿ ಸೇರಿದ ಬ್ಯಾಚ್‌ನಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಅದರ ಲಾಗ್ ಬುಕ್ ಮಾದರಿ ನೋಡಿ. ನಿರೀಕ್ಷೆಗಿಂತ ಕಡಿಮೆ ಅಂದರೆ ಬಿ, ನಿರೀಕ್ಷೆಯಷ್ಟು ಅಂದರೆ ಎಂ, ಮೀರಿದ್ದು ಅಂದರೆ ಇ. ಪಕ್ಕದಲ್ಲೇ ಮುಗಿಯಿತು, ಮತ್ತೆ ಮಾಡಬೇಕು, ವಿಶೇಷ ತರಬೇತಿ ಬೇಕು ಅಂತ ಬರೆಯಲು ಜಾಗ ಇದೆ. ಅಂದರೆ ‘ಬಿ’ ಹಾಕಿದರೆ ಹುಡುಗ ಫೇಲ್ ಅಂತಲ್ಲ. ಮತ್ತೆ ಮಾಡಿಸಿ ಅಂತ ನಿಮಗೂ ಅವನಿಗೂ ಒಂದು ಚೀಟಿ. ಎಲ್ಲರಿಗೂ ಎಂ ಹಾಕಿದರೆ ಆ ಮೂರು ಅಕ್ಷರ ಇಟ್ಟಿದ್ದಾದರೂ ಯಾಕೆ?

ಹಿರಿಯರು ಹಿಂಜರಿಯುವುದು ನಮ್ಮಲ್ಲಿ ಮಾತ್ರ ಅಲ್ಲ. ಕೆನಡಾದಲ್ಲಿ 2005ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಕೇಳಿತು: ಕೈಲಾಗದವರನ್ನು ಮೇಷ್ಟ್ರುಗಳು ಯಾಕೆ ಪಾಸ್ ಮಾಡುತ್ತಾರೆ? ಬರೆದಿಟ್ಟ ದಾಖಲೆ ಇರುವುದಿಲ್ಲ, ಏನು ಬರೆದಿಡಬೇಕು ಅಂತ ಗೊತ್ತಿರುವುದಿಲ್ಲ, ಅಪೀಲ್ ಹೋದರೆ ಅನ್ನುವ ಭಯ, ಫೇಲ್ ಆದವರಿಗೆ ಮತ್ತೆ ಕಲಿಸುವ ವ್ಯವಸ್ಥೆ ಇಲ್ಲ. ಇದರಲ್ಲಿ ಮೊದಲ ಎರಡು ನಿಮ್ಮ ಕೈಯಲ್ಲೇ ಇವೆ. ತಾರೀಖು ಹಾಕಿ, ಕಂಡದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ನಡವಳಿಕೆ ಸರಿಯಿಲ್ಲ’ ಅಂತ ಬರೆದರೆ ಜಗಳ ಬರುತ್ತದೆ. ‘ರೋಗಿಗೆ ಹೇಳದೆ ಹೊದಿಕೆ ಎಳೆದ’ ಅಂತ ಬರೆದರೆ ವಾದಕ್ಕೆ ಜಾಗ ಇಲ್ಲ. ಪಕ್ಕದಲ್ಲಿ ಮತ್ತೆ ನೋಡುವ ದಿನ ಬರೆದಿಡಿ. ಅಷ್ಟು ಮಾಡಿದ ಮೇಲೆ ‘ಬಿ’ ಹಾಗೇ ಇರಲಿ, ತಿದ್ದಬೇಡಿ.

ಅಂಕ ಹಾಕಲು ಗೊಂದಲವಾದರೆ ನನ್ನ ಒಂದು ಪ್ರಶ್ನೆ ಇದೆ: ಇವತ್ತು ರಾತ್ರಿ ಡ್ಯೂಟಿಯಲ್ಲಿ ಈ ಒಂದು ಕೆಲಸವನ್ನು ಇವಳ ಕೈಗೆ ಬಿಟ್ಟು ನಾನು ಮಲಗುತ್ತೇನಾ? ಪಕ್ಕದಲ್ಲೇ ಇರಬೇಕಾ, ಫೋನ್‌ಗೆ ಸಿಕ್ಕರೆ ಸಾಕಾ? ನೆದರ್ಲೆಂಡ್ಸ್‌ನ ಓಲೆ ಟೆನ್ ಕೇಟ್ 2005ರಿಂದ ಹೇಳುತ್ತಾ ಬಂದದ್ದು ಹೆಚ್ಚು ಕಡಿಮೆ ಇದೇ. ಆರೋ ಏಳೋ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ.

ಪ್ರಶ್ನೆ: ಕೋಲಾರದಲ್ಲಿ ಹೌಸ್ ಸರ್ಜನ್ (ಇಂಟರ್ನ್) ಆಗಿದ್ದೇನೆ. ಲಾಗ್ ಬುಕ್ ತುಂಬ ಸೈನ್ ಇದೆ. ಆದರೆ ಮೂತ್ರ ಹೋಗಲು ಕ್ಯಾತಿಟರ್ ನಳಿಕೆ ಹಾಕುವುದನ್ನು ದೂರದಿಂದ ನೋಡಿದ್ದೇನೆ ಅಷ್ಟೇ. ಹೇಳಿದರೆ ನಗುತ್ತಾರೇನೋ ಅಂತ ಸುಮ್ಮನಿದ್ದೇನೆ.

ನಗಲಿ ಬಿಡಿ. ಗೊತ್ತಿಲ್ಲದೆ ಹಾಕಿದರೆ ರಕ್ತ ಬರುವುದು ರೋಗಿಗೆ. ಪೋಸ್ಟಿಂಗ್ ಕೊನೇ ದಿನ ಲಾಗ್ ಬುಕ್ ರಾಶಿ ಹಿಡಿದು ಸೈನ್‌ಗೆ ಅಲೆಯುವುದು ಎಲ್ಲರಿಗೂ ಗೊತ್ತಿರುವ ಗುಟ್ಟು, ನೀವೊಬ್ಬರೇ ಅಲ್ಲ. ಮೊದಲು ಸ್ಕಿಲ್ಸ್ ಲ್ಯಾಬ್‌ನ ಗೊಂಬೆಯ ಮೇಲೆ ಕೈ ಕೂರುವವರೆಗೆ ಮಾಡಿ. ಆಮೇಲೆ ಪಿಜಿಯನ್ನೋ ಹಿರಿಯ ಸಿಸ್ಟರನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ರೋಗಿಗೆ ಹಾಕಿ. ಸಾಮಾನು ಜೋಡಿಸುವುದರಿಂದ ಹಿಡಿದು ಚೀಲದಲ್ಲಿ ಮೂತ್ರ ಬಂದು, ಕೇಸ್ ಶೀಟ್‌ನಲ್ಲಿ ಬರೆಯುವವರೆಗೆ ಅವರು ನೋಡಲಿ. ಕೈಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ ಅಳೆಯುವ ಪದ್ಧತಿಗೆ ಡಾಪ್ಸ್ ಅನ್ನುತ್ತಾರಲ್ಲ, ಅದು ಇದೇ. ಡ್ಯೂಟಿಗೆ ಹೋಗುವ ಮೊದಲೇ ‘ನನಗೆ ಇದು ಬರಲ್ಲ’ ಅಂತ ಹೇಳುವ ಇಂಟರ್ನ್ ಮೇಲೆ ನನಗೆ ನಂಬಿಕೆ ಹೆಚ್ಚು.

ಪ್ರಶ್ನೆ: ನಾನು ಶಿವಮೊಗ್ಗದವಳು, ಕೋಲಾರದಲ್ಲಿ ಓದು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ರೋಗಿಗಳು ತೆಲುಗು ಮಾತಾಡುತ್ತಾರೆ. ಹಿಸ್ಟರಿಯಲ್ಲಿ ಮಾರ್ಕ್ಸ್ ಹೋಗುತ್ತಿದೆ. ಭಾಷೆ ಬರದಿದ್ದರೆ ನಾನು ದಡ್ಡಿಯಾ?

ದಡ್ಡಿ ಅಲ್ಲ. ಆದರೆ ರೋಗಿಯ ಜೊತೆ ಮಾತಾಡುವುದೂ ಕಲಿಯಬೇಕಾದ ಕೆಲಸವೇ. ನೋವು, ಜ್ವರ, ವಾಂತಿ, ಯಾವಾಗಿನಿಂದ, ಎಲ್ಲಿ, ಎಷ್ಟು ಸಲ: ಇಷ್ಟಕ್ಕೆ ಬೇಕಾದ ತೆಲುಗನ್ನು ವಾರ್ಡಿನ ಆಯಾಗಳೇ ಕಲಿಸಿಬಿಡುತ್ತಾರೆ. ಜೊತೆಗೆ ಇನ್ನೊಬ್ಬರ ಮೂಲಕ ಹಿಸ್ಟರಿ ತೆಗೆಯುವುದನ್ನು ಅಭ್ಯಾಸ ಮಾಡಿ. ನೋಟ ರೋಗಿಯ ಮೇಲಿರಲಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಲಿ. ಹೆಂಗಸರ ವಿಷಯ ಕೇಳುವಾಗ ಮಗನನ್ನೋ ಮೈದುನನನ್ನೋ ಮಧ್ಯೆ ಕೂರಿಸಬೇಡಿ, ಸಿಸ್ಟರನ್ನು ಕರೆಯಿರಿ. ಪರೀಕ್ಷೆಯಲ್ಲಿ ರೋಗಿಯ ಭಾಷೆ ಬರುವುದಿಲ್ಲ ಅಂತ ಶುರುವಿನಲ್ಲೇ ಹೇಳಿ, ನೆರವು ಕೇಳಿ. ಅದಕ್ಕೆ ಮಾರ್ಕ್ಸ್ ಕಳೆಯುವುದು ತಪ್ಪು.

ಪ್ರಶ್ನೆ: ಶಿರಾ ತಾಲ್ಲೂಕಿನವನು. ನಮ್ಮ ತಂದೆ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿದ್ದಾರೆ. ದಿನಾ ವಿದ್ಯಾರ್ಥಿಗಳು ಗುಂಪಾಗಿ ಬಂದು ಹೊಟ್ಟೆ ಒತ್ತುತ್ತಾರೆ. ಬೇಡ ಅಂದರೆ ಟ್ರೀಟ್‌ಮೆಂಟ್ ನಿಲ್ಲಿಸುತ್ತಾರಾ?

ನಿಲ್ಲಿಸುವ ಹಾಗಿಲ್ಲ. ವಿದ್ಯಾರ್ಥಿ ಮುಟ್ಟುವ ಮೊದಲು ಹೆಸರು ಹೇಳಿ, ಓದುತ್ತಿದ್ದೇನೆ ಅಂತ ತಿಳಿಸಿ, ಒಪ್ಪಿಗೆ ಕೇಳಬೇಕು. ನಿಮ್ಮ ತಂದೆ ಸುಸ್ತಾಗಿದ್ದರೆ ‘ಈಗ ಬೇಡಪ್ಪ, ಇಬ್ಬರು ಬನ್ನಿ ಸಾಕು’ ಅನ್ನಬಹುದು, ಪೂರ್ತಿ ಬೇಡ ಅಂತಲೂ ಅನ್ನಬಹುದು. ಕೇಳದಿದ್ದರೆ ಯೂನಿಟ್ ಡಾಕ್ಟರಿಗೆ ಹೇಳಿ. ಅಲ್ಲಿಗೂ ಆಗದಿದ್ದರೆ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಬರೆದು ಕೊಡಿ. ಇನ್ನೊಂದು ಉಪಕಾರ ಮಾಡಿ. ಆ ಗುಂಪಿನಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ನೋಯುತ್ತಾ ಅಂತ ಕೇಳಿ ಮುಟ್ಟಿದವರು ಯಾರಾದರೂ ಇದ್ದರೆ ಏಪ್ರನ್ ಮೇಲಿನ ಹೆಸರು ನೋಡಿಕೊಂಡು ಅದನ್ನೂ ಯೂನಿಟ್‌ನವರಿಗೆ ಹೇಳಿ. ಮೇಷ್ಟ್ರ ಕಣ್ಣಿಗೆ ಬೀಳದ್ದು ಮಂಚದ ಮೇಲೆ ಮಲಗಿದವರಿಗೆ ಗೊತ್ತಿರುತ್ತದೆ. ಮೌಲ್ಯಮಾಪನಕ್ಕೆ ರೋಗಿಯ ಮಾತನ್ನೂ ಸೇರಿಸಿಕೊಳ್ಳುವ ಪದ್ಧತಿ ಎಷ್ಟೋ ದೇಶಗಳಲ್ಲಿ ಇದೆ. ಇಲ್ಲಿ ಅದಕ್ಕೆ ಇನ್ನೂ ಫಾರಂ ಇಲ್ಲದಿದ್ದರೂ ಬಾಯಿಮಾತಿಗೆ ಅಡ್ಡಿಯಿಲ್ಲ.