ಲಂಡನ್ ಆದಮೇಲೆ ಒಂದು ವಾರ ಉಳಿದಿದೆಯಾ? ನಾರ್ಥಂಬರ್ಲೆಂಡ್‌ಗೆ ಹೋಗಿ

ನೀವು ಕೇಳಿರುವುದು ಇಷ್ಟು: ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ, ಲಂಡನ್ ಮುಗಿಸಿದ ಮೇಲೆ ಒಂದು ವಾರ ಕೈಯಲ್ಲಿದೆ. ಹಳ್ಳಿ, ಕಡಲು, ಹಳೇ ಊರು, ಕೋಟೆ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗಬೇಕು. ಕಾರು ಇಲ್ಲ, ಅಮ್ಮನಿಗೆ ಮಂಡಿ ನೋವು, ಊಟ ಸಸ್ಯಾಹಾರ. ಎಲ್ಲಿಗೆ ಹೋಗೋಣ?

ನನ್ನ ಉತ್ತರ ನಾರ್ಥಂಬರ್ಲೆಂಡ್. ಇಂಗ್ಲೆಂಡಿನ ಈಶಾನ್ಯ ಮೂಲೆ ಅದು. ಮೇಲೆ ಸ್ಕಾಟ್ಲೆಂಡ್, ಪಕ್ಕದಲ್ಲಿ ನಾರ್ತ್ ಸೀ. ನಾನು ಇರುವುದು ಅಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ. ಊರಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಕಾಟ್ಸ್‌ವೋಲ್ಡ್ಸ್ ಚೆನ್ನಾಗಿದೆ, ಆದರೆ ಅಲ್ಲಿ ಕಡಲಿಲ್ಲ. ಕಾರ್ನ್‌ವಾಲ್‌ನಲ್ಲಿ ಕಡಲಿದೆ, ಬೇಸಿಗೆಯಲ್ಲಿ ಜನವೂ ಜಾಸ್ತಿ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ನ್ಯೂಕ್ಯಾಸಲ್‌ಗೆ ರೈಲಿನಲ್ಲಿ ಸುಮಾರು 3 ಗಂಟೆ. ಟಿಕೆಟ್ ಮುಂಚೆಯೇ ತೆಗೆದಿಟ್ಟುಕೊಳ್ಳಿ, ಕೊನೇ ಗಳಿಗೆಯ ದರಕ್ಕೂ ಮುಂಗಡದ ದರಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯನ್ನು ಬಿಡಿಬಿಡಿ ಜಾಗಗಳು ಅಂತ ನೋಡಬೇಡಿ. ಇಲ್ಲಿ ನೀವು ನೋಡುವ ಬಹುಪಾಲು ಜಾಗಗಳ ಅಡಿಯಲ್ಲಿ ಒಂದೇ ಬಂಡೆ ಇದೆ. ಅದರ ಹೆಸರು ವಿನ್ ಸಿಲ್. ಸುಮಾರು 29.5 ಕೋಟಿ ವರ್ಷಗಳ ಹಿಂದೆ, ಭೂಮಿಯೊಳಗಿನ ಕುದಿಯುವ ಶಿಲಾರಸ ಮೇಲಕ್ಕೆ ಉಕ್ಕದೆ ಕಲ್ಲಿನ ಪದರಗಳ ನಡುವೆ ಅಡ್ಡಕ್ಕೆ ಹರಡಿ ಗಟ್ಟಿಯಾಯಿತು. ಡಾಲರೈಟ್ ಅನ್ನುವ ಕಲ್ಲು. ನಮ್ಮ ಕನಕಪುರ, ಚಾಮರಾಜನಗರದ ಕಡೆಯಿಂದ ಕಪ್ಪು ಗ್ರಾನೈಟ್ ಅಂತ ಮಾರಾಟವಾಗುವುದೂ ಇದೇ ಜಾತಿಯದು. ಸುತ್ತಲಿನ ಮೆದು ಕಲ್ಲು ಸವೆದು ಹೋಯಿತು, ಇದು ನಿಂತಿತು. ರೋಮನ್ನರು ಅದರ ಅಂಚಿನ ಮೇಲೆ ಗೋಡೆ ಕಟ್ಟಿದರು. ರಾಜರು, ಪಾಳೇಗಾರರು ಕೋಟೆ ಕಟ್ಟಿದರು. ಕಡಲೊಳಗೆ ಅದೇ ಬಂಡೆ ತಲೆ ಎತ್ತಿದ ಕಡೆ ಹಕ್ಕಿಗಳು ಮನೆ ಮಾಡಿಕೊಂಡವು. ಇದನ್ನು ನಿಮ್ಮ ಅಪ್ಪನಿಗೆ ಮೊದಲೇ ಹೇಳಿಡಿ. ಆಮೇಲೆ ಹೋದಲ್ಲೆಲ್ಲ ಆ ಕಪ್ಪು ಕಲ್ಲನ್ನು ಅವರೇ ಹುಡುಕಿ ತೋರಿಸುತ್ತಾರೆ.

ವಾರವನ್ನು ಎರಡು ಪಾಲು ಮಾಡಿ. ಮೊದಲ ಪಾಲು ನ್ಯೂಕ್ಯಾಸಲ್‌ನಲ್ಲಿ ಅಥವಾ ಹೆಕ್ಸಂನಲ್ಲಿ ಉಳಿದು ರೋಮನ್ ಗೋಡೆ. ಎರಡನೆಯದು ಆನಿಕ್ ಊರಲ್ಲಿ ಉಳಿದು ಕಡಲತೀರ. ದಿನಕ್ಕೊಂದು ಹೋಟೆಲು ಬದಲಿಸಿದರೆ ವಯಸ್ಸಾದವರಿಗೆ ಸೂಟ್‌ಕೇಸ್ ಎಳೆಯುವುದೇ ಕೆಲಸವಾಗುತ್ತದೆ.

ಹೆಕ್ಸಂ ಪುಟ್ಟ ಪೇಟೆ ಊರು, ರೈಲಿದೆ. ಅಲ್ಲಿನ ಆಬಿಯಲ್ಲಿ, ಅಂದರೆ ಹಳೇ ಮಠದ ಚರ್ಚಿನಲ್ಲಿ, ನೆಲದಡಿ ಒಂದು ಕೋಣೆ ಇದೆ. ಕ್ರಿ.ಶ. 674ರ ಸುಮಾರಿಗೆ ವಿಲ್ಫ್ರಿಡ್ ಅನ್ನುವ ಬಿಷಪ್ ಕಟ್ಟಿಸಿದ ಚರ್ಚಿನಲ್ಲಿ ಉಳಿದಿರುವ ಭಾಗ ಅದು. ಕಟ್ಟಲು ಕಲ್ಲು ತಂದದ್ದು ಪಾಳುಬಿದ್ದ ರೋಮನ್ ಕಟ್ಟಡಗಳಿಂದ. ಗೋಡೆಯ ಹತ್ತಿರ ಹೋಗಿ ನೋಡಿದರೆ ಕೆಲವು ಕಲ್ಲುಗಳ ಮೇಲೆ ರೋಮನ್ನರು ಕೆತ್ತಿದ ಚಿತ್ತಾರ ಇವತ್ತಿಗೂ ಕಾಣುತ್ತದೆ. ಮೆಟ್ಟಿಲು ಕಡಿದು. ಅಮ್ಮ ಮೇಲೆಯೇ ಕೂತಿರಲಿ, ಆಬಿಯ ಒಳಗೇ ನೋಡಲು ಬೇಕಾದಷ್ಟಿದೆ.

ಹೆಕ್ಸಂನಿಂದ ಗೋಡೆಗೆ ಬಸ್ಸಿದೆ. ಅದರ ನಂಬರೇ ಎಡಿ122, ಯಾಕೆಂದರೆ ಹೇಡ್ರಿಯನ್ ಚಕ್ರವರ್ತಿಯ ಈ ಗೋಡೆಯ ಕೆಲಸ ಶುರುವಾದದ್ದು ಕ್ರಿ.ಶ. 122ರಲ್ಲಿ. ಕಡಲಿನಿಂದ ಕಡಲಿಗೆ ಸುಮಾರು 117 ಕಿಲೋಮೀಟರ್. ಒಂದೊಂದು ರೋಮನ್ ಮೈಲಿಗೆ ಒಂದು ಸಣ್ಣ ಕೋಟೆ, ನಡುವೆ ಎರಡು ಕಾವಲು ಗೋಪುರ. ಯುನೆಸ್ಕೊ ಪಟ್ಟಿಗೆ ಸೇರಿದ್ದು 1987ರಲ್ಲಿ. ಹೌಸ್‌ಸ್ಟೆಡ್ಸ್ ಕೋಟೆ ವಿನ್ ಸಿಲ್ ಬಂಡೆಯ ಅಂಚಿನ ಮೇಲೇ ಇದೆ. ಸಾಲಾಗಿ ಕೂರುವ ಸೈನಿಕರ ಶೌಚಾಲಯ, ನೀರು ಹರಿಯುವ ಕಾಲುವೆ ಎಲ್ಲಾ ಸ್ಪಷ್ಟವಾಗಿ ಉಳಿದಿವೆ. ಆದರೆ ರಸ್ತೆಯಿಂದ ಅಲ್ಲಿಗೆ ಏರುದಾರಿ. ಅಮ್ಮನಿಗೆ ಕಷ್ಟವಾದೀತು.

ಅಮ್ಮನನ್ನು ವಿಂಡೊಲಾಂಡಾಕ್ಕೆ ಕರೆದುಕೊಂಡು ಹೋಗಿ. ಅಲ್ಲೂ ಮ್ಯೂಸಿಯಂ ಕಡೆ ಇಳಿಜಾರಿದೆ, ನಿಧಾನವಾಗಿ ನಡೆದರೆ ಆಗುತ್ತದೆ. ಇಡೀ ಸೀಮೆಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಗೋಡೆಗಿಂತ ಹಳೆಯ ರೋಮನ್ ಕೋಟೆ. ಇಲ್ಲಿನ ಒದ್ದೆ ಮಣ್ಣಿನ ಆಳಕ್ಕೆ ಗಾಳಿ ಹೋಗುವುದಿಲ್ಲ. ಹಾಗಾಗಿ ಮರ, ಚರ್ಮ, ಬಟ್ಟೆ ಯಾವುದೂ ಕೊಳೆಯದೆ ಉಳಿದಿದೆ. ಮಕ್ಕಳ ಚಪ್ಪಲಿಯಿಂದ ಹಿಡಿದು ಸಾವಿರಾರು ಪಾದರಕ್ಷೆಗಳು ಸಿಕ್ಕಿವೆ. 1973ರಲ್ಲಿ ತೆಳ್ಳಗಿನ ಮರದ ಸೀಳುಗಳು ಸಿಕ್ಕವು. ಪೋಸ್ಟ್ ಕಾರ್ಡಿನಷ್ಟೇ ದೊಡ್ಡವು, ಮೇಲೆ ಮಸಿಯಲ್ಲಿ ಬರೆದ ಅಕ್ಷರ. ಎಲ್ಲಾ ಸುಮಾರು 1900 ವರ್ಷ ಹಳೆಯ ಕಾಗದಗಳು. ಒಂದರಲ್ಲಿ ಯಾರೋ ಒಬ್ಬರು ದೂರದಲ್ಲಿರುವ ಸೈನಿಕನಿಗೆ ಕಾಲುಚೀಲ, ಎರಡು ಜೊತೆ ಚಪ್ಪಲಿ, ಒಳಚಡ್ಡಿ ಕಳಿಸಿದ್ದೇವೆ ಅಂತ ಬರೆದಿದ್ದಾರೆ. ಇನ್ನೊಂದನ್ನು ಬರೆಸಿದವಳು ಕ್ಲಾಡಿಯಾ ಸೆವೆರಾ, ಬೇರೊಂದು ಕೋಟೆಯ ಅಧಿಕಾರಿಯ ಹೆಂಡತಿ. ಸೆಪ್ಟೆಂಬರ್ 11 ನನ್ನ ಹುಟ್ಟಿದ ದಿನ, ನೀನು ಬಂದರೆ ಆ ದಿನಕ್ಕೆ ಕಳೆ ಬರುತ್ತದೆ ಅಂತ ಗೆಳತಿ ಲೆಪಿಡಿನಾಳನ್ನು ಕರೆದಿದ್ದಾಳೆ. ಕಾಗದದ ಬಹುಪಾಲು ಬರಹಗಾರನ ಅಂದವಾದ ಕೈಬರಹ. ಕೊನೆಯ ಸಾಲುಗಳು ಮಾತ್ರ ಸೊಟ್ಟಸೊಟ್ಟ, ಅವು ಅವಳದೇ ಕೈಯಿಂದ ಬಂದವು. ಹೆಣ್ಣೊಬ್ಬಳು ಲ್ಯಾಟಿನ್‌ನಲ್ಲಿ ತಾನೇ ಬರೆದದ್ದರಲ್ಲಿ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಈ ಕಾಗದಗಳಲ್ಲಿ ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಕೆಲವು ವಿಂಡೊಲಾಂಡಾದಲ್ಲೇ ಇವೆ. ಬೇಸಿಗೆಯಲ್ಲಿ ಅಗೆತ ನಡೆಯುತ್ತಿರುತ್ತದೆ, ಮಣ್ಣು ಕೆದರುತ್ತಿರುವವರ ಪಕ್ಕದಲ್ಲೇ ನಿಂತು ನೋಡಬಹುದು.

ಅದೇ ಕಡೆ ಗೋಡೆಯ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರದ ಫೋಟೊ ನೀವು ನೋಡಿರಬಹುದು. ಅದನ್ನು 2023ರ ಸೆಪ್ಟೆಂಬರ್‌ನಲ್ಲಿ ರಾತ್ರೋರಾತ್ರಿ ಕಡಿದು ಹಾಕಿದರು. ಇಬ್ಬರಿಗೆ 2025ರಲ್ಲಿ ಜೈಲು ಶಿಕ್ಷೆಯಾಯಿತು. ಇಲ್ಲಿಯ ಜನಕ್ಕೆ ಆ ನೋವು ಇನ್ನೂ ಇದೆ, ನನಗೂ ಇದೆ. ಬೊಡ್ಡೆ ಚಿಗುರಿದೆ.

ಇನ್ನು ಕಡಲು. ನ್ಯೂಕ್ಯಾಸಲ್‌ನಿಂದ ಆನ್ಮತ್ ಸ್ಟೇಷನ್‌ಗೆ ರೈಲು, ಅಲ್ಲಿಂದ ಆನಿಕ್ ಹತ್ತಿರ. ಎಕ್ಸ್18 ಬಸ್ಸು ಆನಿಕ್, ಕ್ರಾಸ್ಟರ್, ಸೀಹೌಸಸ್, ಬ್ಯಾಂಬರಾ ಎಲ್ಲವನ್ನೂ ಮುಟ್ಟಿಕೊಂಡು ಬೆರಿಕ್‌ಗೆ ಹೋಗುತ್ತದೆ. ಕಾರಿಲ್ಲದವರಿಗೆ ಇದೇ ಆಧಾರ. ಬಸ್ಸುಗಳ ನಡುವೆ ಅಂತರ ಜಾಸ್ತಿ, ವಾಪಸ್ಸು ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಮೊದಲು ನೋಡಿಕೊಳ್ಳಿ.

ಬ್ಯಾಂಬರಾ ಕೋಟೆ ವಿನ್ ಸಿಲ್ ಬಂಡೆಯ ಮೇಲೆ, ಕೆಳಗೆ ಅಗಲವಾದ ಮರಳು ತೀರ. ಕೋಟೆಗೆ ಟಿಕೆಟ್ ಇದೆ. ಆದರೆ ತೀರದಿಂದ ಮೇಲೆ ನೋಡುವ ನೋಟಕ್ಕೆ ಏನೂ ಕೊಡಬೇಕಾಗಿಲ್ಲ, ನನ್ನ ಪ್ರಕಾರ ಅದೇ ಚೆಂದ. ಊರೊಳಗಿನ ಗ್ರೇಸ್ ಡಾರ್ಲಿಂಗ್ ಮ್ಯೂಸಿಯಂ ಮಾತ್ರ ಬಿಡಬೇಡಿ. ಅವಳು ಲೈಟ್‌ಹೌಸ್ ಕಾಯುವವನ ಮಗಳು. 1838ರ ಸೆಪ್ಟೆಂಬರ್ 7ರಂದು ಬಿರುಗಾಳಿಗೆ ಫಾರ್ಫರ್‌ಶೈರ್ ಅನ್ನುವ ಹಡಗು ಬಂಡೆಗೆ ಬಡಿದು ಒಡೆದಾಗ, 22 ವರ್ಷದ ಹುಡುಗಿ ಅಪ್ಪನ ಜೊತೆ ದೋಣಿಗೆ ಹುಟ್ಟು ಹಾಕುತ್ತಾ ಆ ಅಲೆಗಳೊಳಗೆ ಹೋದಳು. ಬಂಡೆಯ ಮೇಲೆ ಸಿಕ್ಕಿಕೊಂಡಿದ್ದ ಒಂಬತ್ತು ಜನ ಬದುಕಿದರು. ಇಡೀ ದೇಶ ಅವಳನ್ನು ಕೊಂಡಾಡಿತು. ನಾಲ್ಕು ವರ್ಷಕ್ಕೆ ಕ್ಷಯದಿಂದ ತೀರಿಕೊಂಡಳು. ಅವರು ಹೋಗಿದ್ದ ದೋಣಿ ಮ್ಯೂಸಿಯಂನಲ್ಲಿದೆ. ಅದರ ಮುಂದೆ ನಿಂತಾಗಲೇ ಗೊತ್ತಾಗುವುದು, ಎಷ್ಟು ಸಣ್ಣ ದೋಣಿ ಅಂತ.

ಅವಳ ಲೈಟ್‌ಹೌಸ್ ಇರುವುದು ಫಾರ್ನ್ ದ್ವೀಪಗಳಲ್ಲಿ. ಸೀಹೌಸಸ್‌ನಿಂದ ದೋಣಿ ಸಿಗುತ್ತದೆ. ಜೂನ್ ಅಂದರೆ ಪಫಿನ್ ಹಕ್ಕಿಗಳ ಕಾಲ. ಬಣ್ಣದ ಕೊಕ್ಕಿನ ತುಂಬಾ ಸಣ್ಣ ಮೀನು ಕಚ್ಚಿಕೊಂಡು ಬಂದು ಬಿಲದೊಳಗೆ ನುಗ್ಗುತ್ತವೆ. ಇನ್ನರ್ ಫಾರ್ನ್‌ನಲ್ಲಿ ಇಳಿಯುವುದಾದರೆ ತಲೆಗೆ ಟೋಪಿ ಬೇಕೇ ಬೇಕು. ಆರ್ಕ್ಟಿಕ್ ಟರ್ನ್ ಹಕ್ಕಿಗಳು ಕಾಲುದಾರಿಯ ಪಕ್ಕದಲ್ಲೇ ಮೊಟ್ಟೆ ಇಡುತ್ತವೆ, ಹತ್ತಿರ ಹೋದವರ ತಲೆಗೆ ಬಂದು ಕುಕ್ಕುತ್ತವೆ. ಚಳಿಗಾಲಕ್ಕೆ ಅಂಟಾರ್ಕ್ಟಿಕಾ ತನಕ ಹಾರಿ ಹೋಗುವ ಹಕ್ಕಿಗಳು ಅವು. ಅಮ್ಮನಿಗೆ ದೋಣಿಯಿಂದ ಹತ್ತಿ ಇಳಿಯುವುದು ಕಷ್ಟ ಅನ್ನಿಸಿದರೆ ಇಳಿಯದೆ ಸುತ್ತು ಹಾಕಿಸುವ ದೋಣಿ ತೆಗೆದುಕೊಳ್ಳಿ. ಸೀಲ್‌ಗಳು, ಬಂಡೆ ತುಂಬಾ ಕೂತ ಹಕ್ಕಿಗಳು ಅದರಲ್ಲೂ ಕಾಣುತ್ತವೆ.

ಲಿಂಡಿಸ್ಫಾರ್ನ್‌ಗೆ ಒಂದು ಇಡೀ ದಿನ ಇಡಿ. ಹೋಲಿ ಐಲೆಂಡ್ ಅಂತಲೂ ಕರೆಯುತ್ತಾರೆ. ರಸ್ತೆ ಇದೆ, ಆದರೆ ದಿನಕ್ಕೆ ಎರಡು ಸಲ ಕಡಲಿನ ಭರತ ಬಂದು ಆ ರಸ್ತೆಯನ್ನೇ ಮುಚ್ಚುತ್ತದೆ. ದಾಟುವ ಸುರಕ್ಷಿತ ವೇಳೆಯನ್ನು ಕೌಂಟಿ ಕೌನ್ಸಿಲ್ ಪ್ರಕಟಿಸುತ್ತದೆ. ಅದನ್ನು ನೋಡದೆ ಹೊರಡಲೇಬೇಡಿ. ರಸ್ತೆ ಪಕ್ಕದಲ್ಲಿ ಎತ್ತರದ ಕಂಬಗಳ ಮೇಲೆ ಬಿಳಿ ಗುಡಿಸಲೊಂದಿದೆ. ನೀರಲ್ಲಿ ಸಿಕ್ಕಿಕೊಂಡವರು ಹತ್ತಿ ಕೂರಲಿ ಅಂತ ಮಾಡಿದ್ದು, ಈಗಲೂ ಬಳಕೆಯಾಗುತ್ತದೆ. ಬೆರಿಕ್‌ನಿಂದ ಬಸ್ಸಿದೆ, ಎಲ್ಲಾ ದಿನ ಇರುವುದಿಲ್ಲ, ಭರತ ನೋಡಿಕೊಂಡು ಅದರ ವೇಳೆಯೂ ಬದಲಾಗುತ್ತದೆ. ಟ್ಯಾಕ್ಸಿಗೆ ಒಂದು ದಿನ ಖರ್ಚು ಮಾಡುವುದಾದರೆ ಇಲ್ಲಿಗೇ ಮಾಡಿ.

635ರಲ್ಲಿ ಐಡನ್ ಅನ್ನುವ ಕ್ರೈಸ್ತ ಸನ್ಯಾಸಿ ಇಲ್ಲಿ ಮಠ ಕಟ್ಟಿದ. 793ರಲ್ಲಿ ವೈಕಿಂಗರು ಬಂದು ಲೂಟಿ ಮಾಡಿದರು. ಈಗ ಕಾಣುವುದು ಆಮೇಲಿನ ಕಾಲದ ಮಠದ ಪಾಳು, ಕೆಂಪು ಕಲ್ಲಿನದು. ಛಾವಣಿ ಬಿದ್ದುಹೋಗಿದೆ, ಅದರ ಒಂದು ಕಮಾನು ಮಾತ್ರ ಆಕಾಶಕ್ಕೆ ಅಡ್ಡಲಾಗಿ ಉಳಿದುಕೊಂಡಿದೆ. ಸಮತಟ್ಟು ನೆಲ, ಅಮ್ಮ ಆರಾಮಾಗಿ ಓಡಾಡಬಹುದು. ಸ್ವಲ್ಪ ದೂರದಲ್ಲಿ ಕಪ್ಪು ಬಂಡೆಯ ಮೇಲೆ ಪುಟ್ಟ ಕೋಟೆ. ಅದನ್ನು 1900ರ ದಶಕದಲ್ಲಿ ಮನೆಯಾಗಿ ಮಾರ್ಪಡಿಸಿದವರು ಎಡ್ವಿನ್ ಲಟ್ಯೆನ್ಸ್, ಆಮೇಲೆ ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದವರು. ಅಷ್ಟು ದೊಡ್ಡ ಭವನ ಕಟ್ಟಿದ ಮನುಷ್ಯ ಇಲ್ಲಿ ಎಷ್ಟು ಕಿರಿದಾದ ಕೋಣೆಗಳನ್ನು ಎಷ್ಟು ಬೆಚ್ಚಗೆ ಮಾಡಿದ್ದಾರೆ ಅನ್ನುವುದನ್ನು ನೋಡಬೇಕು.

ಈ ಮಠದಲ್ಲಿ ಬರೆದ ಲಿಂಡಿಸ್ಫಾರ್ನ್ ಗಾಸ್ಪೆಲ್ಸ್ ಅನ್ನುವ ಚಿತ್ತಾರದ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಲೈಬ್ರರಿ ಇರುವುದು ಕಿಂಗ್ಸ್ ಕ್ರಾಸ್ ಸ್ಟೇಷನ್ ಹತ್ತಿರವೇ. ಪ್ರದರ್ಶನಕ್ಕಿಟ್ಟಿದ್ದಾರಾ ಅಂತ ವಿಚಾರಿಸಿ, ಇಟ್ಟಿದ್ದರೆ ರೈಲು ಹತ್ತುವ ಮುಂಚೆ ನೋಡಿಕೊಂಡು ಬನ್ನಿ. ಆಮೇಲೆ ಈ ದ್ವೀಪ ಬೇರೆಯೇ ರೀತಿ ಕಾಣುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಕ್ರಾಸ್ಟರ್ ಊರಿಂದ ಡನ್‌ಸ್ಟನ್‌ಬರಾ ಕೋಟೆಗೆ ಹುಲ್ಲಿನ ಮೇಲೆ ಸುಮಾರು 2 ಕಿಲೋಮೀಟರ್ ನಡಿಗೆ, ಅಪ್ಪನಿಗೆ ಹಿಡಿಸುತ್ತದೆ. ಬೆರಿಕ್‌ನಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಕಾಲದ ಕೋಟೆಗೋಡೆಯ ಮೇಲೆ ಬಿಟ್ಟಿಯಾಗಿ ನಡೆಯಬಹುದು. ಅಲ್ಲಿಂದ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿದ 28 ಕಮಾನಿನ ರೈಲು ಸೇತುವೆ ಕಾಣುತ್ತದೆ. ಆನಿಕ್‌ನ ಹಳೇ ರೈಲ್ವೆ ಸ್ಟೇಷನ್‌ನಲ್ಲಿ ಈಗ ಹಳೇ ಪುಸ್ತಕದ ದೊಡ್ಡ ಅಂಗಡಿ ಇದೆ, ಮಳೆ ಬಂದ ದಿನಕ್ಕೆ ಅದನ್ನು ಇಟ್ಟುಕೊಳ್ಳಿ. ಕ್ರ್ಯಾಗ್‌ಸೈಡ್ ಬಂಗಲೆ ಜಲವಿದ್ಯುತ್ತಿನಿಂದ ದೀಪ ಹೊತ್ತಿಸಿದ ಜಗತ್ತಿನ ಮೊದಲ ಮನೆ. ಒಳ್ಳೆಯ ಜಾಗ, ಆದರೆ ಕಾರಿಲ್ಲದೆ ಹೋಗಿಬರುವುದು ರೇಜಿಗೆ. ಒಂದೇ ವಾರ ಇರುವಾಗ ಬಿಟ್ಟುಬಿಡಿ.

ಊಟದ ವಿಷಯ. ನ್ಯೂಕ್ಯಾಸಲ್‌ನಲ್ಲಿ ಏನೂ ಚಿಂತೆ ಇಲ್ಲ, ಊರಿನ ಪಶ್ಚಿಮ ಭಾಗದಲ್ಲಿ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ. ಕಡಲತೀರದ ಸಣ್ಣ ಊರುಗಳಲ್ಲಿ ಸಂಜೆ ಅಡುಗೆಮನೆ ಬೇಗ ಮುಚ್ಚುತ್ತಾರೆ, ಮೆನುವಿನಲ್ಲಿ ಮೀನೇ ಜಾಸ್ತಿ. ಅದಕ್ಕೇ ಆನಿಕ್‌ನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ತೆಗೆದುಕೊಳ್ಳಿ ಅನ್ನುತ್ತೇನೆ. ಅಮ್ಮನ ಕೈಯ ಅನ್ನ ಸಾರು ಆಗಿಬಿಟ್ಟರೆ ಎಲ್ಲರಿಗೂ ನೆಮ್ಮದಿ ಅಲ್ವಾ. ಸ್ಟಾಟಿ ಅನ್ನುವ ಇಲ್ಲಿಯ ದಪ್ಪ ರೊಟ್ಟಿಗೆ ಚೀಸ್ ಹಾಕಿಸಿಕೊಂಡು ತಿನ್ನಿ. ಪೀಸ್ ಪುಡ್ಡಿಂಗ್ ಬಟಾಣಿ ಬೇಳೆಯದೇ, ಆದರೆ ಹಂದಿಮಾಂಸ ಬೇಯಿಸಿದ ನೀರಲ್ಲಿ ಮಾಡುವುದುಂಟು. ಕೇಳಿಯೇ ತಿನ್ನಿ.

ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಆದರೂ ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಇರಲೇಬೇಕು. ಬಿಸಿಲಿದ್ದ ದಿನವೂ ಕಡಲಿಂದ ಇದ್ದಕ್ಕಿದ್ದಂತೆ ತಣ್ಣನೆಯ ಮಂಜು ಬರುತ್ತದೆ, ಇಲ್ಲಿಯವರು ಅದನ್ನು ಫ್ರೆಟ್ ಅನ್ನುತ್ತಾರೆ. ಮಂಜು ಬಂದರೆ ಒಳನಾಡಿನ ಕಡೆ ಬಸ್ಸು ಹತ್ತಿ, ಅಲ್ಲಿ ಬಿಸಿಲೇ ಇರಬಹುದು.

ಜೂನ್‌ನ ಯಾವ ವಾರ ಅಂತ ಕಾಮೆಂಟಿನಲ್ಲಿ ಬರೆಯಿರಿ. ಲಿಂಡಿಸ್ಫಾರ್ನ್ ದಾಟುವ ವೇಳೆ ನೋಡಿ ಯಾವ ದಿನ ಎಲ್ಲಿಗೆ ಅಂತ ಜೋಡಿಸಿ ಕೊಡುತ್ತೇನೆ. ಆನಿಕ್‌ನ ಮನೆ ಮತ್ತು ಫಾರ್ನ್ ದೋಣಿ ಎರಡನ್ನೂ ಈಗಲೇ ಬುಕ್ ಮಾಡಿ, ಪಫಿನ್ ಕಾಲದಲ್ಲಿ ಸೀಟು ಬೇಗ ಮುಗಿಯುತ್ತವೆ.