ಟಿಪ್ಸ್ ಪಗಾರದಲ್ಲಿ ಸೇರುತ್ತದೆಯೇ? ನಿಪ್ಪಾಣಿ ಗಡಿಯಿಂದ ಉತ್ತರ

ಸೇರುವುದಿಲ್ಲ. ಅಮೆರಿಕದಲ್ಲಿ ಹಾಗೊಂದು ಪದ್ಧತಿ ಇದೆ: ಅಲ್ಲಿಯ ಕೇಂದ್ರ ಕಾನೂನಿನಂತೆ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಆದರೆ ಟಿಪ್ಸ್ ಸಿಗುವ ವೇಟರ್‌ಗೆ ಮಾಲಕರು 2.13 ಡಾಲರ್ ಕೊಟ್ಟು ಉಳಿದದ್ದನ್ನು ಟಿಪ್ಸ್‌ನಲ್ಲಿ ಸರಿದೂಗಿಸಬಹುದು. ನಮ್ಮ ದೇಶದಲ್ಲಿ ಈ ರಿಯಾಯಿತಿ ಇಲ್ಲ. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ಪೂರ್ತಿಯಾಗಿ ಮಾಲಕರ ಗಲ್ಲೆಯಿಂದಲೇ ಬರಬೇಕು. ಗಿರಾಕಿ ಕೊಟ್ಟ ಬಕ್ಷೀಸು ಅದರ ಮೇಲಿನದು.

ಹೀಗಿದ್ದೂ ಹೆದ್ದಾರಿಯ ಧಾಬಾ, ಖಾನಾವಳಿಗಳಲ್ಲಿ 'ಪಗಾರ ಒಂಬತ್ತು ಸಾವಿರ, ಟಿಪ್ಸ್ ಎಲ್ಲಾ ನಿಂದೇ' ಅಂತ ಮಾತಾಗಿರುತ್ತದೆ. ಹುಡುಗ ಒಪ್ಪಿ ಸಹಿ ಹಾಕಿದ್ದರೂ ಆ ಒಪ್ಪಂದ ನಡೆಯುವುದಿಲ್ಲ. ಕನಿಷ್ಠ ವೇತನದ ಹಕ್ಕನ್ನು ಬರೆದುಕೊಟ್ಟರೂ ಅದು ಅನೂರ್ಜಿತ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಹಾಗೇ ಇದೆ.

ಹೊರಗಿನವರಿಗೆ ಗೊಂದಲವಾಗುವುದು ಗಡಿಯ ಲೆಕ್ಕ. ನಿಪ್ಪಾಣಿಯ ಹುಡುಗ ಕೊಗನೊಳ್ಳಿ ದಾಟಿ ಕಾಗಲ್‌ನಲ್ಲಿ ಕೆಲಸ ಮಾಡಿದರೆ ಅವನಿಗೆ ಮಹಾರಾಷ್ಟ್ರದ ದರ. ಚಂದಗಡದವ ಬೆಳಗಾವಿಗೆ ಬಂದು ಪ್ಲೇಟು ಎತ್ತಿದರೆ ಕರ್ನಾಟಕದ್ದು. ಖಾನಾಪುರದಿಂದ ಚೋರ್ಲಾ ಘಾಟು ಇಳಿದು ಹೋದವರಿಗೆ ಗೋವಾದ್ದು. ಆಧಾರ್ ಯಾವ ರಾಜ್ಯದ್ದು, ಮಾಲಕರ ಮನೆ ಎಲ್ಲಿದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಹೋಟೆಲ್ ನಿಂತ ನೆಲ ಯಾವ ರಾಜ್ಯದ್ದು, ಅಷ್ಟೇ.

ದರ ಬದಲಾಗುವ ತಿಂಗಳೂ ಬೇರೆ. ಕರ್ನಾಟಕದಲ್ಲಿ ತುಟ್ಟಿಭತ್ಯೆ ವರ್ಷಕ್ಕೊಮ್ಮೆ, ಏಪ್ರಿಲ್ 1ಕ್ಕೆ ಏರುತ್ತದೆ. ಮಹಾರಾಷ್ಟ್ರದಲ್ಲಿ ಅದಕ್ಕೆ ವಿಶೇಷ ಭತ್ತೆ ಅನ್ನುತ್ತಾರೆ, ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ. ಮೂಲವೇತನ ಒಂದನ್ನೇ ನೋಡಿ 'ಸರಿಯಾಗೇ ಕೊಡ್ತಾ ಇದ್ದಾರಲ್ಲ' ಅಂದುಕೊಳ್ಳುವವರು ಬಹಳ. ಮೂಲವೇತನ, ಭತ್ಯೆ ಎರಡೂ ಕೂಡಿದ ಮೊತ್ತವೇ ಕನಿಷ್ಠ. ಅದೂ ನಿಮ್ಮ ಊರು ಸೇರಿದ ವಲಯದ್ದು, ನಿಮ್ಮ ಕೆಲಸದ ದರ್ಜೆಯದು: ಅಡುಗೆ ಮಾಡುವ ಆಚಾರಿಗೊಂದು ದರ, ಪಾತ್ರೆ ತೊಳೆಯುವವರಿಗೆ ಇನ್ನೊಂದು.

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ ಒಟ್ಟು ತಿಂಗಳಿಗೆ 13,000 ರೂಪಾಯಿ ಅಂತ ಹಿಡಿಯೋಣ. ವಾರದ ರಜೆ ಕಳೆದ 26 ದಿನದಿಂದ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಯ ದಿನವಾದರೆ ಗಂಟೆಗೆ 62.50, ಓವರ್‌ಟೈಮ್ ದುಪ್ಪಟ್ಟು, 125. ದಿನಾ ಹತ್ತು ಗಂಟೆ ದುಡಿದವನಿಗೆ 26 ದಿನಕ್ಕೆ ಇನ್ನೂ 6,500 ಸೇರಿ 19,500 ಬರಬೇಕು. ಕೈಗೆ ಒಂಬತ್ತು ಸಾವಿರ ಬಂದು, ಟಿಪ್ಸ್ ಐದು ಸಾವಿರ ಆದರೂ ಬಾಕಿ 10,500ರಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

'ಊಟ, ರೂಮು ನಾವೇ ಕೊಡ್ತೀವಲ್ಲ' ಅನ್ನುವುದು ಮಾಲಕರ ಮುಂದಿನ ಮಾತು. ಪಗಾರದ ಬದಲು ವಸ್ತುರೂಪದಲ್ಲಿ ಕೊಟ್ಟದ್ದನ್ನು ವೇತನವೆಂದು ಎಣಿಸಲು ಸಂಹಿತೆಯಲ್ಲಿ ಮಿತಿ ಇದೆ: ಒಟ್ಟು ವೇತನದ ಶೇ. 15. ಗ್ಲಾಸು ಒಡೆದರೆ, ಗಿರಾಕಿ ಬಿಲ್ಲು ಕೊಡದೆ ಓಡಿದರೆ ಪಗಾರ ಮುರಿಯುವುದಂತೂ ಮಾಮೂಲಾಗಿಬಿಟ್ಟಿದೆ. ಹಾಗೆ ಮುರಿಯಬೇಕಾದರೆ ಕೆಲಸಗಾರನ ನಿರ್ಲಕ್ಷ್ಯದಿಂದಲೇ ನಷ್ಟವಾಗಿರಬೇಕು, ಮೊದಲು ಅವನ ಮಾತು ಕೇಳಬೇಕು. ದಂಡ ಅಂತ ಹಾಕಿದರೆ ಆ ತಿಂಗಳ ವೇತನದ ಶೇ. 3 ದಾಟುವಂತಿಲ್ಲ. ಎಲ್ಲ ಕಡಿತ ಸೇರಿ ಅರ್ಧ ಪಗಾರಕ್ಕಿಂತ ಹೆಚ್ಚಾಗಬಾರದು.

ಟಿಪ್ಸ್ ಮಾಯವಾಗುವ ಹೊಸ ದಾರಿ ಕೌಂಟರ್ ಮೇಲಿನ ಕ್ಯೂಆರ್ ಕೋಡ್. ಬಿಲ್ಲು 640, ಗಿರಾಕಿ 'ಉಳಿದದ್ದು ಹುಡುಗನಿಗೆ' ಅಂತ 700 ಹೊಡೆಯುತ್ತಾನೆ. ಅರವತ್ತು ರೂಪಾಯಿ ಮಾಲಕರ ಖಾತೆಗೆ ಹೋಯಿತು. ರಾತ್ರಿ ಲೆಕ್ಕ ಮುಚ್ಚುವಾಗ ಯಾರಿಗೆ ನೆನಪಿರುತ್ತದೆ? ಬಿಲ್ಲಿನಷ್ಟನ್ನೇ ಅಲ್ಲಿ ಕಟ್ಟಿ, ಬಕ್ಷೀಸು ನೋಟಿನಲ್ಲಿ ಕೈಗೇ ಕೊಡಿ. ಬಿಲ್ಲಿನಲ್ಲಿ ತಾನಾಗಿ ಸೇರಿ ಬರುವ ಸರ್ವಿಸ್ ಚಾರ್ಜ್ ಕಟ್ಟಲೇಬೇಕೆಂದು ಹೋಟೆಲ್ ಒತ್ತಾಯಿಸುವಂತಿಲ್ಲ. 2022ರ ಜುಲೈನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದಿದೆ.

ಕಡಿಮೆ ಪಗಾರದ ದೂರನ್ನೂ ಕೆಲಸ ಮಾಡಿದ ರಾಜ್ಯದಲ್ಲೇ ಕೊಡಬೇಕು. ಕಾಗಲ್‌ನ ದೂರು ಬೆಳಗಾವಿಯ ಕಾರ್ಮಿಕ ಅಧಿಕಾರಿಗೆ ಕೊಟ್ಟರೆ ಓಡಾಟ ದಂಡ, ಅದು ಕೊಲ್ಲಾಪುರಕ್ಕೇ ಹೋಗಬೇಕು. ಅರ್ಜಿ ಮರಾಠಿಯಲ್ಲಿ ಬರೆಸಿದರೆ ಕೆಲಸ ಬೇಗ ಮುಂದೆ ಸರಿಯುತ್ತದೆ. ಸಂಹಿತೆಯಲ್ಲಿ ಮೂರು ವರ್ಷದ ಅವಕಾಶವಿದೆ, ಮೊದಲು ಆರೇ ತಿಂಗಳಿತ್ತು. ಪೂರ್ತಿ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲಕರದು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಧಿಕಾರಿಗಿದೆ. ಆದರೆ ಅಲ್ಲಿ ಕೆಲಸ ಮಾಡಿದ್ದಿರಿ ಅನ್ನುವುದಕ್ಕೆ ನಿಮ್ಮ ಹತ್ತಿರ ಏನಾದರೂ ಇರಬೇಕು. ಪಗಾರ ಚೀಟಿ ಕೇಳಿ ಇಸಕೊಳ್ಳಿ, ಕೊಡುವುದು ಮಾಲಕರ ಕರ್ತವ್ಯ. ಕೊಡದಿದ್ದರೆ ಹಾಜರಿ ಪುಸ್ತಕದ ಫೋಟೊ, ಖಾತೆಗೆ ಬಂದ ಹಣದ ಮೆಸೇಜು, ಡ್ಯೂಟಿ ಹಾಕುವ ವಾಟ್ಸಾಪ್ ಗುಂಪಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲಸ ಬಿಟ್ಟ ದಿನವೇ ಆ ಗುಂಪಿನಿಂದ ತೆಗೆದುಹಾಕುತ್ತಾರೆ.