ಕಪ್ಪು ಪರದೆಯ ಲೈಬ್ರರಿ ಕ್ಯಾಟಲಾಗಿನಲ್ಲಿ ಜೇನಿನ ಹಳೇ ಪುಸ್ತಕ ಹುಡುಕೋದು

ಸರ್, ನಿಮ್ಮ ಪ್ರಶ್ನೆ ಬೆಳಿಗ್ಗೆನೇ ನೋಡಿದ್ದೆ. ಎರಡು ಸಾಲಲ್ಲಿ ಮುಗಿಯೋ ಉತ್ತರ ಅಲ್ಲ, ಅದಕ್ಕೇ ಈಗ ನಿಧಾನವಾಗಿ ಕೂತು ಬರೀತಿದೀನಿ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಅಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ನೀವು ಬರೆದಿದ್ದು ಇಷ್ಟು: ವಿಶ್ವವಿದ್ಯಾಲಯದ ಲೈಬ್ರರಿ ಕ್ಯಾಟಲಾಗ್, ಬಟನ್ ಇಲ್ಲ, ಮೆನು ಇಲ್ಲ, ಕಮಾಂಡ್ ಟೈಪ್ ಮಾಡೋಕೆ ಒಂದೇ ಸಾಲು. ಜೇನು ಸಾಕಣೆ ಬಗ್ಗೆ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಬರೆದ ಹಳೇ ಪುಸ್ತಕ ಬೇಕಿತ್ತು. 'ದಿ ಹೈವ್ ಅಂಡ್ ದಿ ಹನಿ ಬೀ' ಅಂತ ಪೂರ್ತಿ ಹೆಸರು ಹಾಕಿದರೆ ಸೊನ್ನೆ, 'ಬೀ' ಅಂತ ಒಂದೇ ಪದ ಹಾಕಿದರೆ ಸಾವಿರಾರು. ನಮ್ಮ ಜೇನು ಸಾಕುವವರ ಗುಂಪಿನಲ್ಲಿ ಒಬ್ಬರು ಆಗಲೇ 'ಪುಸ್ತಕ ಇಲ್ಲ ಬಿಡಿ' ಅಂತ ತೀರ್ಪು ಕೊಟ್ಟಿದಾರೆ. ಸೊನ್ನೆ ಬಂತು ಅಂದ ಮಾತ್ರಕ್ಕೆ ಪುಸ್ತಕ ಇಲ್ಲ ಅಂತ ಅಲ್ಲ ಸರ್. ನೀವು ಕೇಳಿದ ರೂಪದಲ್ಲಿ, ನೀವು ಕೇಳಿದ ಪಟ್ಟಿಯಲ್ಲಿ ಅದು ಇಲ್ಲ ಅಂತ ಮಾತ್ರ. ಕಮಾಂಡ್ ಕ್ಯಾಟಲಾಗ್ ಗೂಗಲ್ ಥರ ಅಲ್ಲ, ನಿಮ್ಮ ಮನಸ್ಸಲ್ಲಿ ಇರೋದನ್ನ ಊಹಿಸೋಕೆ ಹೋಗಲ್ಲ.

ಒಳಗೆ ಏನಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗೀತು. ಪ್ರತಿ ಪುಸ್ತಕಕ್ಕೂ ಮಾರ್ಕ್ ಅನ್ನೋ ಮಾದರಿಯಲ್ಲಿ ಒಂದು ದಾಖಲೆ ಇರುತ್ತೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಮಾದರಿ, ಇವತ್ತಿಗೂ ನಡೀತಿದೆ. ಅದರಲ್ಲಿ 100ನೇ ಸಾಲು ಲೇಖಕ, 245 ಶೀರ್ಷಿಕೆ, 650 ವಿಷಯ. ಇವುಗಳಿಂದ ಬೇರೆ ಬೇರೆ ಸೂಚಿ ಕಟ್ಟಿರುತ್ತಾರೆ. ಹುಡುಕುವ ಪದದ ಮುಂದೆ ನೀವು ಹಾಕುವ ಒಂದೆರಡು ಅಕ್ಷರ, ಯಾವ ಸೂಚಿ ತೆರೀಬೇಕು ಅಂತ ಹೇಳುತ್ತೆ, ಅಷ್ಟೇ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಎಷ್ಟೋ ಕಡೆ ಹಬ್ಬಿದ ನೋಟಿಸ್ ಅನ್ನೋ ಕ್ಯಾಟಲಾಗ್ ವ್ಯವಸ್ಥೆಯಲ್ಲಿ ಎ= ಅಂದರೆ ಲೇಖಕ, ಟಿ= ಶೀರ್ಷಿಕೆ, ಎಸ್= ವಿಷಯ, ಕೆ= ಎಲ್ಲಾದರೂ ಬರುವ ಪದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೆಲ್ವಿಲ್ ಅನ್ನೋ ಕ್ಯಾಟಲಾಗಿನಲ್ಲಿ ಇದನ್ನೇ 'ಫೈಂಡ್ ಪಿಎ', 'ಫೈಂಡ್ ಟಿಡಬ್ಲ್ಯೂ', 'ಫೈಂಡ್ ಎಸ್‌ಯು' ಅಂತ ಟೈಪ್ ಮಾಡ್ತಿದ್ದರು. ಈಗಿನ ಕೋಹಾ ಅನ್ನೋ ಲೈಬ್ರರಿ ತಂತ್ರಾಂಶದಲ್ಲೂ ಹುಡುಕುವ ಪೆಟ್ಟಿಗೆಯಲ್ಲೇ ಎಯು: ಟಿಐ: ಎಸ್‌ಯು: ಹಾಕಬಹುದು, ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮಲ್ಲಿ ಯಾವುದು ನಡೆಯುತ್ತೆ ಅಂತ ತಿಳಿಯೋಕೆ ಮೊದಲು 'ಹೆಲ್ಪ್' ಅಂತ ಹೊಡೀರಿ. ಇಲ್ಲಿ ನಾನು ನೋಟಿಸ್ ಶೈಲಿಯಲ್ಲೇ ಬರೀತೀನಿ, ಚಿಕ್ಕದು.

ಈಗ ನಿಮ್ಮ ಸೊನ್ನೆಗೆ ಬರೋಣ. ಟಿ= ಸೂಚಿ ಶೀರ್ಷಿಕೆಯ ಮೊದಲ ಅಕ್ಷರದಿಂದ ಸಾಲಾಗಿ ಹೊಂದಿಸಿಕೊಂಡು ಹೋಗುತ್ತೆ, ನಡುವಿನ ಪದದಿಂದ ಶುರು ಮಾಡಿದರೆ ಸಿಗಲ್ಲ. ಜೊತೆಗೆ ಶುರುವಿನ 'ದಿ', 'ಎ', 'ಆ್ಯನ್' ಸೂಚಿಯಲ್ಲಿ ಇರೋದೇ ಇಲ್ಲ. 245ನೇ ಸಾಲಿನ ಆರಂಭದಲ್ಲಿ ಒಂದು ಅಂಕಿ ಇರುತ್ತೆ, ಮೊದಲ ಎಷ್ಟು ಅಕ್ಷರ ಬಿಟ್ಟು ವಿಂಗಡಿಸಬೇಕು ಅಂತ. 'ದಿ' ಇಂಗ್ಲಿಷಿನಲ್ಲಿ ಮೂರು ಅಕ್ಷರ, ಒಂದು ಖಾಲಿ ಜಾಗ, ಒಟ್ಟು 4. ಕ್ಯಾಟಲಾಗ್ ಮಾಡಿದವರು ಅಲ್ಲಿ 4 ಅಂತ ಬರೆದಿದ್ದರೆ ಆ ಪುಸ್ತಕ 'ಹೈವ್' ಜಾಗದಲ್ಲಿ ಕೂತಿರುತ್ತೆ. ನೀವು 'ದಿ' ಇಂದ ಕೇಳಿದಿರಿ, ಅಲ್ಲಿ ಯಾರೂ ಇಲ್ಲ.

ನಾನೂ ಇದೇ ಹಳ್ಳಕ್ಕೆ ಬಿದ್ದವನೇ. ಓದುವ ದಿನಗಳಲ್ಲಿ ನಮ್ಮ ಲೈಬ್ರರಿಯ ಟರ್ಮಿನಲ್‌ನಲ್ಲಿ ಒಂದು ಪುಸ್ತಕ ಮೂರು ದಿನ ಹುಡುಕಿ, ಇಲ್ಲ ಅಂತ ತೀರ್ಮಾನಿಸಿ, ಬೇರೆ ಲೈಬ್ರರಿಯಿಂದ ತರಿಸಿಕೊಡಿ ಅಂತ ಅರ್ಜಿ ಬರೆದುಕೊಟ್ಟೆ. ಕೌಂಟರಿನಲ್ಲಿದ್ದ ಹಿರಿಯರು ಅರ್ಜಿ ನೋಡಿದರು, 'ದಿ' ಅನ್ನೋದನ್ನ ಪೆನ್ಸಿಲಿನಲ್ಲಿ ಹೊಡೆದುಹಾಕಿ ಅದನ್ನೇ ಟೈಪ್ ಮಾಡಿದರು. ಎರಡು ಪ್ರತಿ ಇತ್ತು. ಒಂದು ನಾನು ದಿನಾ ಕೂರುತ್ತಿದ್ದ ಮೇಜಿನ ಹಿಂದಿನ ಕಪಾಟಿನಲ್ಲಿ.

ಆದರೆ ನಿಮ್ಮ ವಿಷಯದಲ್ಲಿ 'ದಿ' ತೆಗೆದರೂ ಸಾಲಲ್ಲ. ತೆಗೆದು ಹುಡುಕಿದರೆ ನಿಮಗೆ ಸಿಗೋದು 20ನೇ ಶತಮಾನದಲ್ಲಿ ಡೇಡಂಟ್ ಸಂಸ್ಥೆ ಹೊರತಂದ ಬೇರೊಂದು ದಪ್ಪ ಪುಸ್ತಕ, ಅದರ ಹೆಸರೇ ಅದು. ಲ್ಯಾಂಗ್‌ಸ್ಟ್ರಾತ್ 1853ರಲ್ಲಿ ಅಚ್ಚು ಹಾಕಿಸಿದ ಮೊದಲ ಆವೃತ್ತಿಯ ಶೀರ್ಷಿಕೆ 'ಲ್ಯಾಂಗ್‌ಸ್ಟ್ರಾತ್ ಆನ್ ದಿ ಹೈವ್ ಅಂಡ್ ದಿ ಹನಿ-ಬೀ' ಅಂತ ಶುರುವಾಗುತ್ತೆ. ಲೇಖಕರ ಹೆಸರು ಶೀರ್ಷಿಕೆಯೊಳಗೇ ಇದೆ! ಕೆಲವೇ ವರ್ಷ ಬಿಟ್ಟು ಬಂದ ಆವೃತ್ತಿ 'ಎ ಪ್ರಾಕ್ಟಿಕಲ್ ಟ್ರೀಟೀಸ್ ಆನ್ ದಿ ಹೈವ್ ಅಂಡ್ ಹನಿ-ಬೀ' ಅಂತಾಯ್ತು, ಎರಡನೇ 'ದಿ' ಮಾಯ. ಒಂದೇ ಕೃತಿ, ಸೂಚಿಯಲ್ಲಿ ಒಂದು 'ಎಲ್' ಅಕ್ಷರದಲ್ಲಿ, ಇನ್ನೊಂದು 'ಪಿ' ಅಕ್ಷರದಲ್ಲಿ. ಹಳೇ ಪುಸ್ತಕಗಳ ಹಣೆಬರಹವೇ ಇಷ್ಟು, ಹೆಸರು ಸ್ಥಿರವಾಗಿರಲ್ಲ. ಹಾಗಾಗಿ ಹಳೇದಕ್ಕೆ ನಾನು ಯಾವತ್ತೂ ಶೀರ್ಷಿಕೆಯಿಂದ ಶುರು ಮಾಡಲ್ಲ, ಲೇಖಕರಿಂದ ಮಾಡ್ತೀನಿ:

ಎ=ಲ್ಯಾಂಗ್‌ಸ್ಟ್ರಾತ್ ಎಲ್

ಕುಲನಾಮ ಮೊದಲು, ಆಮೇಲೆ ಮೊದಲ ಹೆಸರಿನ ಒಂದೇ ಅಕ್ಷರ. ಪೂರ್ತಿ 'ಲೊರೆಂಜೊ' ಅಂತ ಹಾಕಬೇಡಿ, ಏಕೆಂದರೆ ಕ್ಯಾಟಲಾಗಿನಲ್ಲಿ ಅವರು 'ಎಲ್. ಎಲ್.' ಆಗಿ ಇದಾರೆ, ಪೂರ್ತಿ ಹೆಸರು ಕಂಸದಲ್ಲಿ, ಪಕ್ಕದಲ್ಲಿ 1810-1895 ಅಂತ ವರ್ಷ. ಕಾಗುಣಿತದ ಅನುಮಾನ ಇದ್ದರೆ 'ಲ್ಯಾಂಗ್‌ಸ್ಟ್' ಅಷ್ಟಕ್ಕೇ ನಿಲ್ಲಿಸಿ ಎಂಟರ್ ಒತ್ತಿ. ಈ ಬಗೆಯ ಸೂಚಿಯಲ್ಲಿ ಕೊನೆ ತಾನಾಗಿ ತೆರೆದಿರುತ್ತೆ, ಅಲ್ಲಿಂದ ಮುಂದಿನ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಕಡಿಮೆ ಅಕ್ಷರ, ಕಡಿಮೆ ತಪ್ಪು.

ಇಲ್ಲಿಂದ ಮುಂದಿನದೇ ನಿಜವಾದ ಉಪಾಯ. ಒಂದು ಸರಿಯಾದ ದಾಖಲೆ ಸಿಕ್ಕಿತಲ್ಲ, ಅದನ್ನ ಪೂರ್ತಿ ತೆರೆಯಿರಿ, 'ಲಾಂಗ್' ಅಥವಾ 'ಫುಲ್' ಅನ್ನೋ ಆಯ್ಕೆ ಇರುತ್ತೆ. ಕೆಳಗೆ ವಿಷಯದ ಸಾಲು ನೋಡಿ. ಅಲ್ಲಿ 'ಬೀಕೀಪಿಂಗ್' ಅಂತ ಇರಲ್ಲ, 'ಬೀ ಕಲ್ಚರ್' ಅಂತ ಇರುತ್ತೆ! ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯಪಟ್ಟಿಯಲ್ಲಿ ಜೇನು ಸಾಕಣೆಗೆ ಒಪ್ಪಿಕೊಂಡ ಹೆಸರು ಅದು. ನಾವು ಗುಂಪಿನಲ್ಲಿ ಯಾರೂ ಆ ಪದ ಬಳಸಲ್ಲ, ಆದರೆ ಕ್ಯಾಟಲಾಗ್ ಮಾಡುವವರು ಬಳಸೋದು ಅದನ್ನೇ. ಪುಸ್ತಕದ ಮೇಲೆ 'ಎಪಿಕಲ್ಚರ್' ಅಂತ ಇರಲಿ, 'ಬೀ-ಕೀಪಿಂಗ್' ಅಂತ ಇರಲಿ, ವಿಷಯದ ಸಾಲಿನಲ್ಲಿ ಎಲ್ಲ ಒಂದೇ ಹೆಸರಿನ ಕೆಳಗೆ ಬಂದು ಸೇರುತ್ತವೆ. ಈಗ

ಎಸ್=ಬೀ ಕಲ್ಚರ್

ಅಂತ ಹೊಡೆದರೆ ಲೈಬ್ರರಿಯಲ್ಲಿರುವ ಜೇನು ಸಾಕಣೆಯ ಪುಸ್ತಕಗಳ ಪಟ್ಟಿ ಒಳವಿಭಾಗಗಳ ಸಮೇತ ಬರುತ್ತೆ. ಆ ಒಳವಿಭಾಗಗಳಲ್ಲಿ 'ಅರ್ಲಿ ವರ್ಕ್ಸ್ ಟು 1800' ಕಂಡರೆ ಬಿಡಬೇಡಿ, 1800ಕ್ಕಿಂತ ಹಳೆಯವು ಅಲ್ಲಿರುತ್ತವೆ. ಜೇನುಪೆಟ್ಟಿಗೆಯ ವಿನ್ಯಾಸವೇ ಬೇಕಿದ್ದರೆ 'ಬೀಹೈವ್ಸ್' ಅಂತ ಬೇರೆ ವಿಷಯ ಇದೆ.

ಅದೇ ದಾಖಲೆಯಲ್ಲಿ ಕಾಲ್ ನಂಬರ್ ಇರುತ್ತೆ, ಅಂದರೆ ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ. ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣದಲ್ಲಿ ಜೇನು ಸಾಕಣೆ ಎಸ್‌ಎಫ್ 521ರಿಂದ 539ರ ಒಳಗೆ, ಡ್ಯೂಯಿಯಲ್ಲಿ 638.1. ಕಾಲ್ ನಂಬರ್‌ನಿಂದ ಹುಡುಕೋಕೆ ಬಿಡುವ ಕ್ಯಾಟಲಾಗ್ ಆಗಿದ್ದರೆ ಆ ಸಂಖ್ಯೆ ಕೊಟ್ಟು ಹಿಂದೆ ಮುಂದೆ ಪುಟ ತಿರುಗಿಸಿ. ಕಪಾಟಿನ ಮುಂದೆ ನಡೆದಾಡಿದ ಹಾಗೆಯೇ, ಅದೂ ಎರವಲು ಹೋಗಿರುವ ಪುಸ್ತಕಗಳೂ ಜಾಗದಲ್ಲೇ ಇದ್ದ ಹಾಗೆ. ನನಗಂತೂ ಇದೇ ಎಲ್ಲಕ್ಕಿಂತ ಇಷ್ಟ.

ಕೆ= ಅನ್ನೋ ಪದಹುಡುಕಾಟವನ್ನ ಬೇಕಂತಲೇ ಕೊನೆಗೆ ಇಟ್ಟಿದೀನಿ. ಜನ ಇದರಿಂದಲೇ ಶುರು ಮಾಡಿ ಸಾವಿರಾರರಲ್ಲಿ ಮುಳುಗೋದು. ಪದದ ಬಾಲ ಕತ್ತರಿಸೋಕೆ ಒಂದು ಚಿಹ್ನೆ ಇರುತ್ತೆ, ಕೆಲವು ಕಡೆ ?, ಕೆಲವು ಕಡೆ #, * ಅಥವಾ $. 'ಬೀ?' ಅಂತ ಹಾಕಿದರೆ ಏನಾಗುತ್ತೆ ಅಂತ ಒಮ್ಮೆ ತಮಾಷೆಗೆ ನೋಡಿ. ಇಂಗ್ಲಿಷಿನಲ್ಲಿ ಬಿ-ಇ-ಇ ಇಂದ ಶುರುವಾಗುವ ಬಿಯರ್, ಬೀಫ್, ಬೀಟಲ್, ಕೊನೆಗೆ ಸಂಗೀತಗಾರ ಬೀಥೋವನ್ ಕೂಡ ಬಂದು ಕೂರುತ್ತಾನೆ. ಚಿಕ್ಕ ಪದಕ್ಕೆ ಬಾಲ ಕತ್ತರಿಸಬಾರದು. ಹೀಗೆ ಹಾಕಿ:

ಕೆ=(ಬೀ ಆರ್ ಬೀಸ್ ಆರ್ ಹನಿಬೀ? ಆರ್ ಬೀಕೀಪ್? ಆರ್ ಎಪಿಕಲ್ಚರ್?) ಅಂಡ್ ಹೈವ್?

'ಆರ್' (ಓ-ಆರ್) ಅಂದರೆ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು, 'ಅಂಡ್' ಅಂದರೆ ಎರಡೂ ಕಡೆಯದು ಇರಲೇಬೇಕು. ಆ ಕಂಸ ಅಲಂಕಾರಕ್ಕೆ ಅಲ್ಲ. ಬಹಳಷ್ಟು ವ್ಯವಸ್ಥೆಗಳು 'ಅಂಡ್' ಅನ್ನ ಮೊದಲು ಲೆಕ್ಕ ಹಾಕಿ 'ಆರ್' ಅನ್ನ ಆಮೇಲೆ ಹಾಕುತ್ತವೆ, ಇನ್ನು ಕೆಲವು ಎಡದಿಂದ ಬಲಕ್ಕೆ ಹೋಗುತ್ತವೆ. ಕಂಸ ಇಲ್ಲದಿದ್ದರೆ 'ಹೈವ್' ಅನ್ನೋ ಷರತ್ತು ಕೊನೆಯ ಪದಕ್ಕೆ ಮಾತ್ರ ಅಂಟಿಕೊಂಡು, ಬೀ ಅಂತ ಇರೋ ಎಲ್ಲವೂ ಹಾಗೇ ಬಂದುಬಿಡಬಹುದು. 'ಹನಿ-ಬೀ' ನಡುವಿನ ಗೆರೆಯದ್ದೂ ಒಂದು ಕಾಟ. ಗೆರೆ ಇದ್ದರೆ ಹೆಚ್ಚಿನವು ಎರಡು ಪದ ಅಂತ ಸೂಚಿಗೆ ಹಾಕುತ್ತವೆ, ಕೂಡಿಸಿ ಬರೆದಿದ್ದರೆ ಒಂದು ಪದ. ಅದಕ್ಕೇ ಎರಡೂ ರೂಪ ಕೊಡೋದು. 'ನಾಟ್' ಬಳಸೋಕೆ ಮಾತ್ರ ಹೋಗಬೇಡಿ. 'ನಾಟ್ ಹನಿ' ಅಂದರೆ ಜೇನುತುಪ್ಪದ ಬಗ್ಗೆ ಒಂದೇ ಒಂದು ಮಾತು ಬಂದಿರುವ ಒಳ್ಳೇ ಪುಸ್ತಕವೂ ಕಸದ ಬುಟ್ಟಿಗೆ.

ಇನ್ನೊಬ್ಬರು ಕೆಳಗೆ ಕೇಳಿದಾರೆ, ಹೊರದೇಶದ ವಿಶ್ವವಿದ್ಯಾಲಯಗಳಲ್ಲಿರುವ ಕನ್ನಡದ ಕೃಷಿ ಪುಸ್ತಕ ಹುಡುಕೋದು ಹೇಗೆ ಅಂತ. ಅಲ್ಲಿ ಕನ್ನಡ ಶೀರ್ಷಿಕೆಯನ್ನ ಒಂದು ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿರುತ್ತಾರೆ, ಅದು ನಾವು ವಾಟ್ಸಾಪಲ್ಲಿ ಬರೆಯುವ ಥರ ಅಲ್ಲ. ಚ ಅಂದರೆ ಸಿ ಮಾತ್ರ, ಸಿ-ಎಚ್ ಹಾಕಿದರೆ ಅದು ಛ. ಶ, ಷ ಎರಡಕ್ಕೂ ಎಚ್ ಇಲ್ಲ, ಶ ಆದರೆ ಎಸ್ ಮೇಲೆ ಓರೆ ಗೆರೆ, ಷ ಆದರೆ ಎಸ್ ಕೆಳಗೆ ಚುಕ್ಕಿ. ಋಕಾರಕ್ಕೆ ಸ್ವರವೇ ಇಲ್ಲ, ಆರ್ ಕೆಳಗೊಂದು ಸೊನ್ನೆ. ಗುರುತುಗಳನ್ನ ಟೈಪ್ ಮಾಡಬೇಕಾಗಿಲ್ಲ, ಆದರೆ ಅವು ಉದುರಿದ ಮೇಲೆ 'ಕೃಷಿ' ಏನಾಗುತ್ತೆ ನೋಡಿ: ಕೆ-ಆರ್-ಎಸ್-ಐ, ಬರೀ ನಾಲ್ಕು ಅಕ್ಷರ. ನೀವು ಎಚ್ ಹಾಕಿ, ನಡುವೆ ಐ ಅಥವಾ ಯು ಹಾಕಿ ಎಷ್ಟು ಹುಡುಕಿದರೂ ಕೈಗೆ ಹತ್ತಲ್ಲ. 'ಜೇನು' ಅದೃಷ್ಟವಂತ ಪದ, ಜೆ-ಇ-ಎನ್-ಯು ಅಂತ ಹೊಡೆದರೆ ಸಾಕು.

ಲೈಬ್ರರಿಗೆ ಹೋಗದೆ ಮನೆಯ ಕಂಪ್ಯೂಟರಿನಿಂದಲೇ ಕಮಾಂಡ್ ಕೊಡುವ ಆಸೆ ಇದ್ದರೆ ಯಾಜ್-ಕ್ಲೈಂಟ್ ಅನ್ನೋ ಉಚಿತ ಪ್ರೋಗ್ರಾಂ ಇದೆ. ಲೈಬ್ರರಿಗಳು ಪರಸ್ಪರ ಹುಡುಕಿಕೊಳ್ಳೋಕೆ ಮಾಡಿಕೊಂಡ ಝಡ್39.50 ಅನ್ನೋ ಶಿಷ್ಟತೆಯ ಮೇಲೆ ಅದು ನಡೆಯುತ್ತೆ. 'ಓಪನ್' ಮುಂದೆ ಸರ್ವರ್ ವಿಳಾಸ, ಆಮೇಲೆ

ಫೈಂಡ್ @ಅಂಡ್ @ಅಟ್ರ್ 1=1003 ಲ್ಯಾಂಗ್‌ಸ್ಟ್ರಾತ್ @ಅಟ್ರ್ 1=4 ಹೈವ್

ಆಮೇಲೆ 'ಶೋ 1'. ಅಟ್ರ್ ಅಂದರೆ ಎ-ಟಿ-ಟಿ-ಆರ್. ಇಲ್ಲಿ 1003 ಲೇಖಕ, 4 ಶೀರ್ಷಿಕೆ, 21 ವಿಷಯ. 'ಅಂಡ್' ಎರಡರ ನಡುವೆ ಬರದೆ ಮುಂದೆಯೇ ಬರುತ್ತೆ, ಮೊದಮೊದಲು ತಲೆ ತಿರುಗುತ್ತೆ, ಒಂದು ಸಂಜೆಯಲ್ಲಿ ಅಭ್ಯಾಸ ಆಗುತ್ತೆ. ಆ 100, 245, 650 ಅಂತ ಹೇಳಿದ್ದೆನಲ್ಲ, ಇಲ್ಲಿ ಅವೇ ಸಾಲುಗಳು ಬಟ್ಟೆ ಬಿಚ್ಚಿ ನಿಂತ ಹಾಗೆ ಕಣ್ಣಿಗೆ ಕಾಣುತ್ತವೆ.

ನಾಳೆ ಲೈಬ್ರರಿಗೆ ಹೋದಾಗ ಮೊದಲು ಎ=ಲ್ಯಾಂಗ್‌ಸ್ಟ್ ಹಾಕಿ ನೋಡಿ. ಸಿಕ್ಕರೆ ಕಾಲ್ ನಂಬರ್ ಒಂದನ್ನೇ ಬರೆದುಕೊಂಡು ಓಡಬೇಡಿ, ಪಕ್ಕದಲ್ಲಿರುವ ಲೊಕೇಶನ್ ಸಾಲನ್ನೂ ಬರೆದುಕೊಳ್ಳಿ. 1850ರ ಕಾಲದ ಪುಸ್ತಕ ತೆರೆದ ಕಪಾಟಿನಲ್ಲಿ ಇರೋದು ಕಡಿಮೆ, ರೇರ್ ಬುಕ್ಸ್ ವಿಭಾಗದಲ್ಲೋ ಮೈಕ್ರೋಫಿಲ್ಮ್‌ನಲ್ಲೋ ಇರುತ್ತೆ, ಅದಕ್ಕೆ ಕೌಂಟರಿನಲ್ಲಿ ಬೇರೆ ಚೀಟಿ ಕೊಡಬೇಕು. ಸಿಗದಿದ್ದರೆ ನೀವು ಟೈಪ್ ಮಾಡಿದ ಸಾಲು, ಪರದೆಯಲ್ಲಿ ಬಂದ ಉತ್ತರ ಎರಡರ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.